ಟಿವಿಯ ಅಂಚಿನಾಚೆ ಉಳಿದ ಕವಲು

ಬೆಳಗಿನ ನಮಾಜು ಮುಗಿಸಿ, ಚಹಾಕ್ಕೆ ನೀರಿಡುವ ಮೊದಲು ಅನಿಪಾ ಒಂದು ಕೆಲಸ ಮಾಡುತ್ತಾರೆ. ಹಿಂದಿನ ದಿನ ತಾವೇ ಹೊಲಿದ ಉಣ್ಣೆಗಂಬಳಿಯ ಅಂಚನ್ನು ಮೊಣಕಾಲ ಮೇಲೆ ಹಾಸಿಕೊಂಡು, ಒಂದೊಂದು ಹೊಲಿಗೆಯನ್ನೂ ಹೆಬ್ಬೆರಳ ಉಗುರಿನಿಂದ ಎಳೆದು ನೋಡುತ್ತಾರೆ. ಜ್ವರವಿದ್ದಾಗಲೂ ಇದು ತಪ್ಪಿದ್ದಿಲ್ಲ. ಗಂಡ ಕುಬಾತ್ ತೀರಿಕೊಂಡ ಮೂರನೆಯ ದಿನವೂ ತಪ್ಪಲಿಲ್ಲ. ಪಕ್ಕದ ಮನೆಯವಳಾದ ನಾನು ನೋಡಿದ್ದೇನೆ.

"ನಿಮ್ಮ ಕೈ ಮೇಲೆ ನಿಮಗೇ ನಂಬಿಕೆ ಇಲ್ವಾ ಅಕ್ಕ?" ಎಂದು ಒಮ್ಮೆ ಕೇಳಿದ್ದೆ.

"ಬೇರೆಯವರ ಕೈ ಮೇಲಾದ್ರೂ ಇದೆ ಅಂದ್ಕೊಂಡ್ಯಾ?" ಎಂದರು.

ನಮ್ಮ ಬೆಟ್ಟದೂರು ಅಟ್-ಬಾಶಿಯಲ್ಲಿ ಅವರ ಅನುಮಾನ ಹೆಸರುವಾಸಿ. ಹವಾಮಾನದ ವರದಿ ಕೇಳಿದ ಮೇಲೂ ಬಾಗಿಲಿಗೆ ಹೋಗಿ ಬೆಟ್ಟ ನೋಡಿ ಬರುತ್ತಾರೆ. ಆದರೆ ಎಲ್ಲಕ್ಕಿಂತ ಹೆಚ್ಚಿನ ಅನುಮಾನ ಗಂಡನ ದಾಯಾದಿಗಳ ಮೇಲೆ. ಕುಬಾತ್‌ನ ಮುತ್ತಜ್ಜ ಜಾನುಜಾಕ್ ಆ ಮನೆತನದಲ್ಲಿ ಹುಟ್ಟಿದವನಲ್ಲ ಎಂಬ ಪಿಸುಮಾತು ಊರಲ್ಲಿತ್ತು. ಎದುರಿಗೆ ಯಾರೂ ಆಡುತ್ತಿರಲಿಲ್ಲ. ಔತಣದಲ್ಲಿ ಮಾಂಸ ಹಂಚುವಾಗ ಮಾತ್ರ ಕುಬಾತ್‌ನ ಪಾಲಿಗೆ ಅವನ ವಯಸ್ಸಿಗೆ ಸಲ್ಲಬೇಕಾದ ಎಲುಬು ಬೀಳದೆ ಕಿರಿಯರದು ಬೀಳುತ್ತಿತ್ತು. ಅನಿಪಾ ಅದನ್ನು ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡು ನೋಡಿದರು.

ಕಳೆದ ವಸಂತದಲ್ಲಿ ಮನೆತನದವರು ವಂಶಾವಳಿಯ ಪುಸ್ತಕ ಮಾಡಿಸಲು ಹೊರಟರು. ಶಾಲೆಯಲ್ಲಿ ಇತಿಹಾಸ ಕಲಿಸುವ ತಾಲಾಯ್, ಅನಿಪಾಗೆ ದೂರದ ಮೈದುನ, ಹೆಸರುಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಮರದಂತೆ ಬಿಡಿಸಿದ್ದ. ಸೋಮವಾರ ಅದು ಅಚ್ಚಿಗೆ ಹೋಗಬೇಕು. ಭಾನುವಾರ ಮಧ್ಯಾಹ್ನ ಎಲ್ಲರೂ ಮನೆತನದ ಹಿರಿಯ ಶಾರ್ಶೆನ್ ಮನೆಯಲ್ಲಿ ಸೇರಿ, ಅಲ್ಲಿನ ದೊಡ್ಡ ಟಿವಿಯಲ್ಲಿ ನೋಡಿ ಒಪ್ಪಿಗೆ ಕೊಡಬೇಕು. ಅಚ್ಚಾದ ಮೇಲೆ ಅದರಲ್ಲಿಲ್ಲದ ಹೆಸರು ಇಲ್ಲವೇ ಇಲ್ಲ. ಅನಿಪಾಗೆ ಇಬ್ಬರು ಮೊಮ್ಮಕ್ಕಳು. ತನ್ನ ಏಳು ತಲೆಮಾರಿನ ಹಿರಿಯರ ಹೆಸರು ಹೇಳಲಾಗದ ಹುಡುಗನನ್ನು ನಮ್ಮಲ್ಲಿ ಗುಲಾಮನೆಂದು ಕರೆಯುತ್ತಾರೆಂಬುದು ಅವರಿಗೆ ಗೊತ್ತಿತ್ತು.

"ನೀನೂ ಬಾ, ನನಗೊಂದು ಸಾಕ್ಷಿ ಬೇಕು" ಎಂದು ನನ್ನನ್ನು ಕರೆದೊಯ್ದರು.

ತಾಲಾಯ್ ಲ್ಯಾಪ್‌ಟಾಪಿನ ತಂತಿಯನ್ನು ಟಿವಿಗೆ ಚುಚ್ಚಿದ. ಅಕ್ಷರಗಳು ಉಣ್ಣೆಯ ಹಾಗೆ ಮಸುಕಾಗಿ ಮೂಡಿದವು. ಲ್ಯಾಪ್‌ಟಾಪಿನಲ್ಲಿ ರೆಸಲ್ಯೂಶನ್ ಏರಿಸಿದ ಮೇಲೆ ಚೂಪಾದವು. ಮೇಲೆ ಮೂಲಪುರುಷ ತೊಕ್ಟೊರ್, ಕೆಳಗೆ ಮೂರು ಗಂಡುಮಕ್ಕಳ ಮೂರು ಕವಲು. ನಾಲ್ಕನೆಯವನಾದ ಜಾನುಜಾಕ್ ಇರಲಿಲ್ಲ.

ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ. ಅರವತ್ತಾರರಲ್ಲೂ ಅನಿಪಾ ಆ ಮನೆಗೆ ಸೊಸೆಯೇ.

"ತಾಲಾಯ್, ನಮ್ಮನೆ ದೊಡ್ಡೋರು ಎಲ್ಲಪ್ಪಾ?"

"ಯಾರು ಅತ್ತಿಗೆ?"

"ಹೆಸರು ಹೇಳೋ ಹಾಗಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

ಶಾರ್ಶೆನ್ ಚಹಾದ ಬಟ್ಟಲು ಕೆಳಗಿಟ್ಟ. "ಜಾನುಜಾಕ್‌ನ ಕೇಳ್ತಿದಾಳೆ ಕಣೋ. ಬಲಗಡೆ ಇರಬೇಕಲ್ಲ."

"ಲ್ಯಾಪ್‌ಟಾಪಲ್ಲಿ ಇದಾನೆ. ಟಿವಿ ತೋರಿಸ್ತಿಲ್ಲ ಅಷ್ಟೇ."

"ನಿಮ್ಮದೆಲ್ಲ ಚೆನ್ನಾಗೇ ತೋರಿಸ್ತಿದೆ" ಎಂದರು ಅನಿಪಾ.

"ಟಿವಿಗೂ ಲಂಚ ಕೊಟ್ಟಿದೀವಿ ಅಂತೀಯೇನಮ್ಮ ಸೊಸೆ?" ಎಂದ ಶಾರ್ಶೆನ್.

"ಯಾಕೆ ಕೊಡ್ತೀರ ಭಾವ, ಟಿವಿ ನಿಮ್ಮನೇದೇ ಅಲ್ವಾ."

ಒಬ್ಬಿಬ್ಬರು ನಕ್ಕರು. ತಾಲಾಯ್ ಲ್ಯಾಪ್‌ಟಾಪನ್ನೇ ಎತ್ತಿ ತಂದು ತೋರಿಸಿದ. ಅನಿಪಾ ಅದರತ್ತ ಬಗ್ಗಲಿಲ್ಲ. "ನನಗೊಬ್ಬಳಿಗೆ ಇದು, ಊರಿಗೆಲ್ಲ ಅದು ಅಂತಾನಾ?" ಅವನು ರೆಸಲ್ಯೂಶನ್ ಇಳಿಸಿದ; ಮತ್ತೆ ಮಸುಕು. ಇನ್ನೊಂದು ಅಳತೆ ಹಾಕಿದಾಗ ಮರವೇ ಅಡ್ಡಡ್ಡ ಎಳೆದಂತಾಯಿತು. ಕವಲು ಮಾತ್ರ ಬರಲಿಲ್ಲ. ನನ್ನ ಮನಸ್ಸಿನಲ್ಲೂ ಅನುಮಾನ ಹೊಕ್ಕಿತ್ತು, ದೇವರು ಕ್ಷಮಿಸಲಿ.

ಆಗ ಅನಿಪಾ ಎದ್ದು ಟಿವಿಯ ಹತ್ತಿರ ಹೋದರು. ಕಂಬಳಿಯನ್ನು ನೋಡುವ ಹಾಗೆಯೇ, ಒಂದು ಮೂಲೆಯಿಂದ ಶುರುಮಾಡಿ ಪರದೆಯ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದರು. ಲ್ಯಾಪ್‌ಟಾಪನ್ನು ನೋಡಿದರು, ಮತ್ತೆ ಟಿವಿಯನ್ನು ನೋಡಿದರು.

"ಲ್ಯಾಪ್‌ಟಾಪಲ್ಲಿ ಕೆಳಗೆ ಮೂಲೇಲಿ ಟೈಮ್ ತೋರಿಸ್ತಿದೆ. ಇಲ್ಲಿ ಎಲ್ಲಿ?"

ತಾಲಾಯ್ ಬಗ್ಗಿ ಟಿವಿಯ ಮೂಲೆ ನೋಡಿದ.

"ಎಡಗಡೆ ಭಾವನವರ ಮೊಮ್ಮಗನ ಹೆಸರಿಗೆ ಮೊದಲಕ್ಷರಾನೇ ಇಲ್ಲ. ನಾಲ್ಕೂ ಕಡೆ ಅಂಚು ತಿಂದಿದೆ ಕಣೋ."

ತಾಲಾಯ್ ಹಣೆ ಒರೆಸಿಕೊಂಡ. ತಪ್ಪು ಲ್ಯಾಪ್‌ಟಾಪಿನದಲ್ಲ, ಟಿವಿ ತಾನೇ ಚಿತ್ರವನ್ನು ಒಂದಿಷ್ಟು ಹಿಗ್ಗಿಸಿ ಅಂಚುಗಳನ್ನು ಚೌಕಟ್ಟಿನಾಚೆ ತಳ್ಳುತ್ತಿತ್ತು. ರಿಮೋಟ್ ಹಿಡಿದು, ಟಿವಿಯ ಸೆಟ್ಟಿಂಗ್ ಪಟ್ಟಿಯಲ್ಲಿ ಚಿತ್ರದ ಅಳತೆ ಹುಡುಕಿ, ಬಂದದ್ದನ್ನು ಬಂದ ಹಾಗೇ ತೋರಿಸುವಂತೆ ಒತ್ತಿದ. ಚಿತ್ರ ಸುತ್ತಲೂ ಎರಡು ಬೆರಳಷ್ಟು ಒಳಗೆ ಸರಿಯಿತು. ಮೂಲೆಯಲ್ಲಿ ಟೈಮ್ ಕಂಡಿತು. ಬಲತುದಿಯಲ್ಲಿ ಜಾನುಜಾಕ್, ಅವನ ಕೆಳಗೆ ಸಾಲಾಗಿ ಕುಬಾತ್‌ನವರೆಗೆ, ಮೊಮ್ಮಕ್ಕಳವರೆಗೆ.

"ಆಯ್ತಲ್ಲ, ಕೂತ್ಕೋ ಇನ್ನು" ಎಂದ ಶಾರ್ಶೆನ್.

ಅನಿಪಾ ಕೂರಲಿಲ್ಲ. ತೊಕ್ಟೊರ್‌ನಿಂದ ಮೂವರು ಮಕ್ಕಳಿಗೆ ತುಂಬು ಗೆರೆ ಇತ್ತು. ಜಾನುಜಾಕ್‌ಗೆ ಚುಕ್ಕಿ ಚುಕ್ಕಿ ಗೆರೆ.

"ಇದು ಯಾಕೆ ಹೀಗಿದೆ? ಇದೂ ಟಿವೀದೇ ತಪ್ಪಾ?"

ತಾಲಾಯ್‌ನ ಕಿವಿ ಕೆಂಪಾಯಿತು. "ಅಲ್ಲ ಅತ್ತಿಗೆ. ಸಾಕಿಕೊಂಡ ಮಕ್ಕಳಿಗೆ ಹಾಗೆ ಹಾಕೋದು."

"ಹಿಮದಲ್ಲಿ ಸಿಕ್ಕ ಕೂಸು" ಎಂದ ಶಾರ್ಶೆನ್, ಬಟ್ಟಲನ್ನೇ ನೋಡುತ್ತ. "ತೊಕ್ಟೊರ್‌ನ ಹೆಂಡತಿ ತನ್ನ ಮಗುವಿನ ಜೊತೇಲೇ ಹಾಲು ಕೊಟ್ಟು ಬೆಳೆಸಿದಳಂತೆ. ನಮ್ಮಜ್ಜ ಹೇಳ್ತಿದ್ದ."

ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಎದುರಿಗೆ ಬಂದಿತ್ತು. ಅನಿಪಾ ಆ ಚುಕ್ಕಿ ಗೆರೆಯ ಮೇಲೆ ಹೆಬ್ಬೆರಳು ಎಳೆದರು. ತಾಲಾಯ್ ಹತ್ತಿರ ಬಂದು ದನಿ ತಗ್ಗಿಸಿದ.

"ಅತ್ತಿಗೆ, ಒಂದು ನಿಮಿಷದ ಕೆಲಸ. ನಿಮಗೋಸ್ಕರ ತುಂಬು ಗೆರೆ ಮಾಡಿಬಿಡ್ತೀನಿ. ಇಲ್ಲಿರೋರು ಯಾರೂ ಬಾಯಿ ಬಿಡಲ್ಲ. ಮಕ್ಕಳಿಗೆ ಗೊತ್ತೇ ಆಗಲ್ಲ."

ಶಾರ್ಶೆನ್ ಕೂಡ ತಲೆಯಾಡಿಸಿದ. ಅನಿಪಾ ಇಬ್ಬರ ಮುಖವನ್ನೂ ಒಂದೊಂದಾಗಿ ಪರೀಕ್ಷಿಸಿದರು.

"ಬೇಡ. ಇವತ್ತು ನನ್ನ ಮುಖ ನೋಡಿ ಗೆರೆ ತುಂಬೋನು, ನಾಳೆ ಇನ್ಯಾರದೋ ಮುಖ ನೋಡಿ ಹೆಸರೇ ಅಳಿಸ್ತೀಯ. ಇದ್ದ ಹಾಗೇ ಇರಲಿ. ಅಚ್ಚಿಗೆ ಕೊಡೋವಾಗ ನಾನೂ ಜೊತೇಲಿ ಬರ್ತೀನಿ" ಎಂದರು.