ಹನ್ನೊಂದು ಜೋಡಿ ಜನ, ಒಂದು ಜೊತೆ ಚಪ್ಪಲಿ

ಕಳೆದ ಭಾನುವಾರ ಮಧ್ಯಾಹ್ನ ಒಂದೂವರೆಗೆ ನನಗೊಂದು ಫೋನ್ ಬಂತು. ಅತ್ತ ಕಡೆ ಒಬ್ಬಳು ಹುಡುಗಿ. ಬಹಳ ಮೆತ್ತಗೆ, "ಸರ್, ಗಾಬರಿ ಆಗಬೇಡಿ. ನಿಮ್ಮ ಮನೆಯವರೊಬ್ಬರು ಲೈಟ್‌ಹೌಸ್ ದ್ವೀಪದಲ್ಲಿ ಉಳಿದುಬಿಟ್ಟಿದ್ದಾರೆ. ಅವರ ಫೋನು ವ್ಯಾಪ್ತಿ ಪ್ರದೇಶದ ಹೊರಗಿದೆ. ಬೋಟು ಕಳಿಸ್ತಾ ಇದ್ದೇವೆ" ಎಂದಳು.

ನಾನು ಗಾಬರಿಯಾಗಲಿಲ್ಲ. ಯಾಕೆಂದರೆ ಆ ಮನೆಯವರು ನಾನೇ. ಫೋನ್ ಎತ್ತಿದಾಗ ಅದೇ ದ್ವೀಪದಲ್ಲಿ, ಅದೇ ಲೈಟ್‌ಹೌಸಿನ ನೆರಳಲ್ಲಿ, ಬರಿಗಾಲು ಚಾಚಿಕೊಂಡು ಕೂತಿದ್ದೆ.

ಇದು ಹೇಗೆ ಅಂತೀರಾ? ಹೇಳುತ್ತೇನೆ. ನಗುವವರು ನಗಬಹುದು, ನಾನೂ ಮೊದಲು ನಕ್ಕವನೇ.

ಅಂಕೋಲೆಯ ಹೈಸ್ಕೂಲಿನಲ್ಲಿ ನಾನು ಮೂವತ್ತು ವರ್ಷ ಮಾಸ್ತರನಾಗಿದ್ದೆ ಎಂಬುದು ಈ ಅಂಕಣದ ಓದುಗರಿಗೆ ಗೊತ್ತು. (ಬೇಕಾದ್ದಕ್ಕಿಂತ ಹೆಚ್ಚೇ ಸಲ ಹೇಳಿದ್ದೇನೆ.) ನನ್ನ ಹಳೇ ವಿದ್ಯಾರ್ಥಿ ಪ್ರಶಾಂತ ಈಗ ಟೂರ್ ಮಾಡಿಸುತ್ತಾನೆ. ಅದೂ ಎಂಥ ಟೂರು? ಕರಾವಳಿಯ ಹಳೇ ಲೈಟ್‌ಹೌಸುಗಳನ್ನು ತೋರಿಸುವ ಟೂರು. ಇದಕ್ಕೂ ಜನ ಬರುತ್ತಾರಾ ಎಂದು ಕೇಳಿದ್ದೆ. ಬರುತ್ತಾರೆ. ಹುಬ್ಬಳ್ಳಿ, ಬೆಂಗಳೂರು, ಪುಣೆಯಿಂದ ಗುಂಪು ಕಟ್ಟಿಕೊಂಡು ಬರುತ್ತಾರೆ. ಯಾವುದರ ಎತ್ತರ ಎಷ್ಟು, ಬೆಳಕು ಎಷ್ಟು ದೂರ ಕಾಣುತ್ತದೆ ಎಲ್ಲ ಅವರಿಗೆ ಬಾಯಿಪಾಠ. ನನ್ನ ವಿದ್ಯಾರ್ಥಿಗಳಿಗೆ ಮಗ್ಗಿ ಕೂಡ ಇಷ್ಟು ಬಾಯಿಪಾಠ ಇರಲಿಲ್ಲ.

ಈ ಸಲ ಕಾರವಾರದ ಎದುರಿನ ದೇವಗಡ ದ್ವೀಪದ ಲೈಟ್‌ಹೌಸು, ಬ್ರಿಟಿಷರ ಕಾಲದ್ದು. ನೀವೂ ಬನ್ನಿ ಸರ್ ಎಂದು ಕರೆದ. ರಿಟೈರಾಗಿ ಕಾರವಾರಕ್ಕೆ ಬಂದಾಗಿನಿಂದ ಸಂಜೆ ವಾಕಿಂಗ್ ಹೋದಾಗೆಲ್ಲ ಆ ದೀಪ ಮಿಣುಕುವುದನ್ನು ನೋಡಿದ್ದೇನೆಯೇ ಹೊರತು ಒಮ್ಮೆಯೂ ಹೋಗಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ನೋಡಿ. ಹೂಂ ಎಂದೆ.

ಹೂಂ ಎಂದ ಕೂಡಲೇ ಮೊಬೈಲಿಗೆ ಒಂದು ಫಾರ್ಮ್ ಬಂತು. ಹೆಸರು, ವಯಸ್ಸು, ಬಿಪಿ ಇದೆಯಾ, ಶುಗರ್ ಇದೆಯಾ. ಎಲ್ಲ ಇದೆ, ಬರೆದೆ. ಕೊನೆಗೆ ಒಂದು ಕಾಲಮ್. ‘ತುರ್ತು ಸಂಪರ್ಕ’. ಅದರ ಪಕ್ಕ ‘ಸಂಬಂಧ’.

ಮೊದಲಾದರೆ ಅಲ್ಲಿ ಅಕ್ಕನ ನಂಬರ್ ಬರೆಯುತ್ತಿದ್ದೆ. ಭಾವ ತೀರಿಕೊಂಡ ಮೇಲೆ ಅಕ್ಕ ಬೆಳಂಬಾರದ ಮನೆಯಿಂದ ನನ್ನ ಜೊತೆಗೇ ಬಂದಿದ್ದಳು. ನಾನು ಮದುವೆಯಾಗಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿ ಜಗಳಾಡಿಕೊಂಡು ಸುಖವಾಗಿದ್ದೆವು. ಅವಳು ಹೋಗಿ ಮೂರು ವರ್ಷ. ಅಲ್ಲಿಂದೀಚೆಗೆ ಬ್ಯಾಂಕಿನ ಫಾರ್ಮಿರಲಿ, ಆಸ್ಪತ್ರೆಯದ್ದಿರಲಿ, ಆ ಕಾಲಮ್ಮಿನಲ್ಲಿ ನನ್ನದೇ ಎರಡನೇ ಸಿಮ್ಮಿನ ನಂಬರ್ ಬರೆಯುತ್ತೇನೆ. ಫೋನು ಒಂದೇ, ಸಿಮ್ ಎರಡು. ಸಂಬಂಧ? ‘ಸ್ವಂತ’. ಇದುವರೆಗೆ ಯಾವ ಕಂಪ್ಯೂಟರೂ ತಕರಾರು ಮಾಡಿಲ್ಲ.

ಭಾನುವಾರ ಬೆಳಿಗ್ಗೆ ಬೈತಖೋಲದ ಬಂದರಿಗೆ ಹೋದೆವು. ಹರಾಜಿನ ಗದ್ದಲ, ಐಸಿನ ನೀರು, ಮೀನಿನ ವಾಸನೆ. ನಮ್ಮ ಬೋಟಿನ ತಾಂಡೇಲ ಗಣಪತಿ. ಚುಕ್ಕಾಣಿ ಅವನದ್ದು, ಆದರೆ ಅಧಿಕಾರ ಅವನ ತಾಯಿ ಶೇವಂತಿಬಾಯಿಯದ್ದು. ಎಪ್ಪತ್ತು ದಾಟಿದ ಹೆಂಗಸು. ಬೋಟು ನಿಲ್ಲುವ ದಕ್ಕೆಯ ಮೇಲೆ ಒಣಮೀನು ಹರವುತ್ತ ಕೂತಿದ್ದವಳು ಖಾಲಿ ಮೀನಿನ ಕ್ರೇಟೊಂದನ್ನು ನಮ್ಮ ಮುಂದೆ ತಳ್ಳಿ, ಚಪ್ಪಲಿ ಬೂಟು ಎಲ್ಲ ಇದರಲ್ಲಿ ಹಾಕಿ ಎಂದಳು.

ಅವರ ಮನೆತನದಲ್ಲಿ ಚಪ್ಪಲಿ ಹಾಕಿಕೊಂಡು ಯಾರೂ ದೋಣಿ ಹತ್ತುವುದಿಲ್ಲ. ಅನ್ನ ಕೊಡುವ ದೋಣಿ, ಪೂಜೆ ಮಾಡುವ ದೋಣಿ. ಬೆಂಗಳೂರಿನವರು ಸ್ವಲ್ಪ ಗೊಣಗಿದರು. ಗಣಪತಿ, ಹತ್ತೂವರೆಯೊಳಗೆ ದ್ವೀಪ ಇಳಿದು ಬೋಟು ಹತ್ತಿಬಿಡಿ, ಆಮೇಲೆ ಅಲ್ಲಿಯ ಕಲ್ಲು ಕಾದು ಸುಡುತ್ತದೆ ಎಂದ. ದುಬಾರಿ ಬೂಟುಗಳೆಲ್ಲ ಬಂಗಡೆಯ ಕ್ರೇಟು ಸೇರಿದವು. ನನ್ನದೂ. ಕಂದು ಬಣ್ಣದ್ದು, ಎಡಗಾಲಿನ ಪಟ್ಟಿಗೆ ನೀಲಿ ದಾರದ ಹೊಲಿಗೆ.

ಆಮೇಲೆ ಪ್ರಶಾಂತ ಜನರನ್ನು ಎಣಿಸಲು ನಿಂತ. ಒಬ್ಬೊಬ್ಬರನ್ನಲ್ಲ. "ನಿಮ್ಮ ನಿಮ್ಮ ಪಕ್ಕದವರು ಇದ್ದಾರಾ ನೋಡಿಕೊಳ್ಳಿ" ಎಂದ. ಎಲ್ಲರೂ ಪಕ್ಕ ನೋಡಿ ಇದ್ದಾರೆ ಎಂದರು. ಹನ್ನೊಂದು ಜೋಡಿ. ಗಂಡ ಹೆಂಡತಿ, ಅಕ್ಕ ತಂಗಿ, ಕಾಲೇಜಿನ ಕಾಲದ ಗೆಳೆಯರು.

ನನಗೆ ಹೆಮ್ಮೆಯಾಯಿತು. ಯಾಕೆ ಗೊತ್ತಾ? ಈ ಪದ್ಧತಿ ನನ್ನದು. ಪ್ರತಿ ವರ್ಷ ಶಾಲೆಯ ಟ್ರಿಪ್ಪಿನಲ್ಲಿ ಮಕ್ಕಳನ್ನು ಎಣಿಸಿ ಎಣಿಸಿ ಸಾಕಾಗಿ ನಾನೇ ಕಂಡುಹಿಡಿದದ್ದು. ಜೋಡಿ ಮಾಡಿಬಿಡು, ಪಕ್ಕದವನು ಇದ್ದಾನಾ ಎಂದು ಕೇಳು, ಮುಗಿಯಿತು. ಅದಕ್ಕೊಂದು ಬಾಲ ಇತ್ತು. ಬೆಸ ಉಳಿದ ಮಗು ಮಾಸ್ತರರ ಕೈ ಹಿಡಿಯಬೇಕು.

ಆ ಬಾಲವೂ ಪ್ರಶಾಂತನಿಗೆ ನೆನಪಿತ್ತು. ನನ್ನ ಹತ್ತಿರ ಬಂದು, ಸರ್, ನೀವು ನನ್ನ ಜೋಡಿ ಎಂದ.

"ನಂಗೆ ಜೋಡಿ ಎಲ್ಲ ಬೇಡ ಮಾರಾಯಾ. ನನ್ನ ನಾನೇ ನೋಡ್ಕೊಳ್ತೇನೆ" ಎಂದೆ.

ಹಾಗನ್ನದೆ ಇನ್ನೇನನ್ನಲಿ? ಮೂರು ವಾರದ ಹಿಂದಷ್ಟೇ ಇದೇ ಅಂಕಣದಲ್ಲಿ ಒಬ್ಬನೇ ಇರುವುದರ ಸುಖವನ್ನು ಹಾಡಿ ಹೊಗಳಿದ್ದೆ. ಬೇಕಾದಾಗ ಊಟ, ಬೇಕಾದಾಗ ನಿದ್ದೆ, ಟಿವಿ ರಿಮೋಟಿಗೆ ಒಬ್ಬನೇ ವಾರಸುದಾರ. ನೀವೆಲ್ಲ ಮೆಚ್ಚಿ ಮೆಸೇಜು ಹಾಕಿದ್ದಿರಿ. (ಮೆಚ್ಚಿದವರಲ್ಲಿ ಹೆಚ್ಚಿನವರು ಸಂಸಾರಸ್ಥರು ಎಂಬುದನ್ನು ಈಗ ಗಮನಿಸುತ್ತಿದ್ದೇನೆ.)

ದ್ವೀಪ ಚೆನ್ನಾಗಿದೆ. ಲೈಟ್‌ಹೌಸಿನ ಬಗ್ಗೆ ಬರೆಯಲು ಬೇಕಾದಷ್ಟಿದೆ. ಆದರೆ ನಿಜ ಹೇಳಬೇಕೆಂದರೆ ನಾನು ಅಲ್ಲಿ ಹೆಚ್ಚು ಹೊತ್ತು ಮಾಡಿದ್ದು ಒಂದೇ ಕೆಲಸ. "ಅಂಕಲ್, ನಮ್ಮಿಬ್ಬರದೊಂದು ಫೋಟೊ ತೆಗೀತೀರಾ?" ಒಂದು ಜೋಡಿ ಆಯಿತು, ಇನ್ನೊಂದು ಬಂತು. ಲೈಟ್‌ಹೌಸ್ ಪೂರ್ತಿ ಬರಲಿ ಅಂಕಲ್, ನನ್ನ ಹೊಟ್ಟೆ ಕಾಣದ ಹಾಗೆ ತೆಗೀರಿ ಅಂಕಲ್. ತೆಗೆದೆ. ಕೆಲವಂತೂ ಬಹಳ ಚೆನ್ನಾಗಿ ಬಂದಿವೆ. ಯಾವುದರಲ್ಲೂ ನಾನಿಲ್ಲ.

ಫೋಟೊ ಮುಗಿಸಿ ಲೈಟ್‌ಹೌಸಿನ ಹಿಂದೆ, ದಕ್ಷಿಣದ ಕಡೆ ಹೋದೆ. ಬೆಳಂಬಾರ ಅಲ್ಲಿಂದ ಕಾಣುವುದಿಲ್ಲ, ಗುಡ್ಡಗಳು ಅಡ್ಡ. ದಿಕ್ಕು ಮಾತ್ರ ಕಾಣುತ್ತದೆ. ಅಕ್ಕ ಇದ್ದಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಸಲ ಫೋನ್ ಮಾಡಿ, ತಲೆಗೆ ಟೊಪ್ಪಿ ಹಾಕಿದ್ಯಾ ಎಂದು ಕೇಳಿರುತ್ತಿದ್ದಳು. ಆಗ ಅದು ಕಿರಿಕಿರಿ. ಕಲ್ಲಿನ ಮೇಲೆ ಕೂತು ಅದನ್ನೇ ಯೋಚಿಸುತ್ತಿದ್ದೆ. ಎಷ್ಟು ಹೊತ್ತಾಯಿತೋ, ಕೆಳಗೆ ಇಂಜಿನ್ನಿನ ಸದ್ದು ಕೇಳಿತು.

ಎದ್ದು ಬಂದು ನೋಡಿದರೆ ಬೋಟು ಹೊರಟುಬಿಟ್ಟಿದೆ. ಕಲ್ಲು ಕಾದಿತ್ತಲ್ಲ, ಎಲ್ಲರೂ ಅಂಗಾಲು ಸುಟ್ಟುಕೊಂಡು ಓಡಿ ಹತ್ತಿದ್ದಾರೆ. ಪಕ್ಕದವರು ಇದ್ದಾರಾ? ಇದ್ದಾರೆ. ಹನ್ನೊಂದು ಜೋಡಿ ಸರಿ. ನನ್ನ ಪಕ್ಕದಲ್ಲಿ ಯಾರಿದ್ದರು, ನಾನಿಲ್ಲ ಎಂದು ಹೇಳಲು?

ನಾನು ಕೈ ಎತ್ತಿ ಬೀಸಿದೆ. ಬೋಟಿನಿಂದ ಹೆಂಗಸೊಬ್ಬರು ನೋಡಿದರು. ಅವರೂ ಕೈ ಬೀಸಿದರು. ಟಾಟಾ! (ಬಿಳಿ ಅಂಗಿ, ಬಿಳಿ ಪ್ಯಾಂಟು ನೋಡಿ ಲೈಟ್‌ಹೌಸಿನ ಸಿಬ್ಬಂದಿ ಅಂದುಕೊಂಡರಂತೆ. ಆಮೇಲೆ ಅವರೇ ಹೇಳಿ ಕ್ಷಮೆ ಕೇಳಿದರು.)

ಕೂಗಬಹುದಿತ್ತು. ಕೂಗಲಿಲ್ಲ. ಫೋನ್ ಮಾಡಬಹುದಿತ್ತು. ಒಂದು ಸಿಮ್ಮಿಗೆ ನೆಟ್‌ವರ್ಕ್ ಇರಲಿಲ್ಲ, ಎರಡನೆಯದಕ್ಕೆ ಭರ್ತಿ ಇತ್ತು. ಪ್ರಶಾಂತನ ನಂಬರೂ ಇತ್ತು. ಮಾಡಲಿಲ್ಲ. ಯಾಕೆ ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನಿಲ್ಲ ಎಂಬುದು ಯಾರಿಗಾದರೂ ತಾನಾಗಿ ಗೊತ್ತಾಗಲಿ ಎಂದು ಕಾದೆ. ಅರವತ್ತೆರಡು ವರ್ಷದ ಮುದುಕ, ಕಣ್ಣಾಮುಚ್ಚಾಲೆಯಲ್ಲಿ ಅಡಗಿ ಕೂತ ಹುಡುಗನ ಹಾಗೆ ಕಾದೆ.

ಬೋಟು ದಕ್ಕೆ ಮುಟ್ಟುವವರೆಗೆ ಅರ್ಧ ಗಂಟೆ ಎಂದು ಲೆಕ್ಕ ಹಾಕಿದೆ. ಅಲ್ಲಿ ಇಳಿಯುವಾಗ ಗೊತ್ತಾಗುತ್ತದೆ. ಗೊತ್ತಾಗಲಿಲ್ಲ. ಟೂರಿನ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಬಂತು. ದಕ್ಕೆಯ ಮೇಲೆ ಎಲ್ಲರೂ ಸಾಲಾಗಿ ನಿಂತದ್ದು. ಕೆಳಗೆ, ‘ಇಡೀ ತಂಡ ಸುರಕ್ಷಿತವಾಗಿ ವಾಪಸ್’. ಸರಿ, ಊಟಕ್ಕೆ ಕೂತಾಗ ಗೊತ್ತಾಗುತ್ತದೆ ಎಂದುಕೊಂಡೆ. ಇಸ್ವಾಣ ಮೀನಿನ ಫ್ರೈ ಬಂತು, ಸೋಲಕಡಿ ಬಂತು, ಒಬ್ಬರ ತಟ್ಟೆಯಿಂದ ಇನ್ನೊಬ್ಬರು ಕದಿಯುವ ವಿಡಿಯೋ ಬಂತು. ನನ್ನ ಬಳಿ ಅರ್ಧ ಬಾಟಲಿ ನೀರು, ಒಂದು ಪೊಟ್ಟಣ ಚಕ್ಕುಲಿ. ಚೆನ್ನಾಗಿದೆ ಎಂದು ಹೆಬ್ಬೆರಳಿನ ಗುರುತು ಒತ್ತೋಣವೆಂದು ಕೈ ಹೋಯಿತು, ತಡೆದೆ.

ಆ ಎರಡೂವರೆ ಗಂಟೆಯಲ್ಲಿ ನನಗೇ ಅಂತ ಬಂದ ಮೆಸೇಜು ಒಂದೇ. ಸಂಪಾದಕರದ್ದು. ‘ಸರ್, ಈ ವಾರದ ಅಂಕಣ ಇನ್ನೂ ಬಂದಿಲ್ಲ.’ ನನ್ನ ಅಂಕಣ ಬಂದಿಲ್ಲ ಎಂದು ಗೊತ್ತಾಗುವ ಒಬ್ಬರಾದರೂ ಇದ್ದಾರಲ್ಲ. ನಾನು ಬಂದಿಲ್ಲ ಎಂದು ಗೊತ್ತಾಗುವವರು?

ಅಲ್ಲಿ ಈಗ ದೀಪ ಕಾಯುವವರೂ ಯಾರೂ ಇಲ್ಲ. ಕತ್ತಲಾದರೆ ಅದು ತಾನೇ ಹೊತ್ತಿಕೊಳ್ಳುತ್ತದಂತೆ, ಬೆಳಗಾದರೆ ತಾನೇ ಆರುತ್ತದಂತೆ. ತನ್ನ ತಾನೇ ನೋಡಿಕೊಳ್ಳುವುದು ಎಂದರೆ ಹೀಗೆ. ಅದರ ಬುಡದಲ್ಲಿ ಕೂತು ನನಗೆ ಅಳು ಬಂತು. ಸುತ್ತಿ ಬಳಸಿ ಹೇಳುವುದೇಕೆ, ಅತ್ತೆ. ಹಸಿವಿಗಲ್ಲ, ಬಿಸಿಲಿಗಲ್ಲ. ಮನೆಯಲ್ಲೇ ಹೀಗೆ ಉಳಿದುಹೋದರೆ ಎಷ್ಟು ದಿನಕ್ಕೆ ಗೊತ್ತಾದೀತು ಎಂಬ ಲೆಕ್ಕ ತಲೆಗೆ ಬಂದಿತ್ತು. ಹಾಲಿನವನಿಗೆ ಮೂರು ದಿನ. ಸಂಪಾದಕರಿಗೆ ಒಂದು ವಾರ.

ಆಗಲೇ ಆ ಫೋನು ಬಂದದ್ದು.

"ಉಳಿದವನು ನಾನೇ ತಂಗಿ" ಎಂದೆ. ಹುಡುಗಿ ಪ್ರಶಾಂತನ ಆಫೀಸಿನವಳು. ಇದು ತುರ್ತು ಸಂಪರ್ಕದ ನಂಬರಲ್ಲವಾ ಸರ್ ಎಂದಳು. ಹೌದಮ್ಮ ಎಂದೆ. ಅವಳು ಮತ್ತೇನೂ ಕೇಳಲಿಲ್ಲ, ಪುಣ್ಯಾತ್ಗಿತ್ತಿ.

ಅಂತೂ ನಾನಿಲ್ಲ ಎಂದು ಕಂಡುಹಿಡಿದವರು ಯಾರು? ಬೋಟು ದಕ್ಕೆಗೆ ಬಂದಾಗ ಗೊತ್ತಾಯಿತು. ಶೇವಂತಿಬಾಯಿ ಕ್ರೇಟಿನ ಪಕ್ಕ ಕೂತಿದ್ದಳು. ಒಳಗೆ ನನ್ನ ಚಪ್ಪಲಿ.

ಟೂರಿನವರು ಬಂದಿಳಿದಾಗ ಅವಳು ಹರಾಜಿನ ಕಡೆ ಹೋಗಿದ್ದಳಂತೆ. ಅವರು ತಮ್ಮ ತಮ್ಮ ಬೂಟು ಎತ್ತಿಕೊಂಡು ಬಸ್ಸು ಹತ್ತಿದ್ದಾರೆ. ಮಧ್ಯಾಹ್ನ ಕ್ರೇಟು ತೊಳೆಯಲು ಬಂದರೆ ತಳದಲ್ಲಿ ಒಂದು ಜೊತೆ. ಬೇರೆಯವರಾದರೆ ಏನಂದುಕೊಳ್ಳುತ್ತಿದ್ದರು? ಯಾರೋ ಮರೆತುಹೋಗಿದ್ದಾರೆ, ಹಳೇ ಚಪ್ಪಲಿ, ಬೇಡವಾಗಿ ಬಿಟ್ಟಿದ್ದಾರೆ. ಶೇವಂತಿಬಾಯಿಗೆ ಹಾಗೆ ಅನ್ನಿಸಲೇ ಇಲ್ಲ. ಊಟಕ್ಕೆ ಕೂತಿದ್ದ ಮಗನನ್ನು ಎಬ್ಬಿಸಿದ್ದಾಳೆ. ಅವನು ಪ್ರಶಾಂತನ ಆಫೀಸಿಗೆ ಫೋನ್ ಮಾಡಿದ್ದಾನೆ. ಆ ಹುಡುಗಿ ಪಟ್ಟಿ ನೋಡಿದರೆ ಜೋಡಿ ಇಲ್ಲದ ಹೆಸರು ಒಂದೇ.

ಶೇವಂತಿಬಾಯಿ ನನಗೆ ಚೆನ್ನಾಗಿ ಬೈದಳು. ಕೂಗೂಕೆ ಬಾಯಿ ಇರ್ಲಿಲ್ವಾ ಮಾಸ್ತರ್ರೆ ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ಯಾರೋ ಬೈದರು, ಹಿತವಾಗಿತ್ತು. ನಿನಗೆ ಹೇಗೆ ಗೊತ್ತಾಯಿತು ಶೇವಂತಿಬಾಯಿ ಎಂದು ಕೇಳಿದೆ.

"ನಮ್ಮ ಮನೇಲಿ ಗಂಡಸ್ರು ಬಂದ್ರೋ ಇಲ್ವೋ ಅಂತ ಸಮುದ್ರ ನೋಡೂದಿಲ್ಲ ಮಾಸ್ತರ್ರೆ. ಚಪ್ಪಲ ನೋಡೂದು. ಚಪ್ಪಲ ಇಲ್ಲೇ ಅದೆ ಅಂದ್ರೆ ಕಾಲು ಅಲ್ಲೇ ಅದೆ."

ಇಷ್ಟು ಹೇಳಿ ಅವಳು ಸಮುದ್ರದ ಕಡೆ ನೋಡಿದಳು. ಯಾವತ್ತೋ ಒಂದು ಜೊತೆ ಅವಳ ಮನೆಯಲ್ಲೂ ಉಳಿದಿರಬೇಕು. 

ಅಷ್ಟರಲ್ಲಿ ಪ್ರಶಾಂತ ಬಂದ. ಬಸ್ಸು ಮಾಜಾಳಿ ಕಡೆ ಹೊರಟಿತ್ತಂತೆ, ನಡುವೆ ಇಳಿದು ರಿಕ್ಷಾ ಮಾಡಿಕೊಂಡು ಓಡಿಬಂದಿದ್ದ. ಮುಖದಲ್ಲಿ ಬಣ್ಣವೇ ಇರಲಿಲ್ಲ. "ನೀವು ಕಲಿಸಿದ ಹಾಗೇ ಎಣಿಸಿದೆ ಸರ್. ಇದೇ ಊರಿನವರಲ್ಲವಾ, ದಕ್ಕೆಯಿಂದಲೇ ಮನೆಗೆ ಹೋದಿರಿ ಅಂದುಕೊಂಡೆ" ಎಂದ. ಅವನನ್ನು ಬೈಯಲು ನನಗೆ ಯಾವ ಮುಖ? ಜೋಡಿಯಾಗಲು ಅವನೇ ಬಂದಿದ್ದ, ಬೇಡ ಅಂದವನು ನಾನು. ಮೂವತ್ತು ವರ್ಷ ಬೆಸ ಉಳಿದ ಮಕ್ಕಳ ಕೈ ಹಿಡಿದು ನಡೆದಿದ್ದೇನೆ. ಆ ಕೈಗಳು ಎಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದವು, ಯಾಕೆ ಹಾಗೆ ಹಿಡಿಯುತ್ತಿದ್ದವು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ದಕ್ಕೆಯಿಂದ ರಿಕ್ಷಾದವರೆಗೆ ಅವನ ಕೈ ಹಿಡಿದುಕೊಂಡೇ ನಡೆದೆ. ಕಾಲು ಸುಟ್ಟಿದೆ ಎಂದು ನೆಪ ಹೇಳಿದೆ.

ಹೊರಡುವ ಮುಂಚೆ ಶೇವಂತಿಬಾಯಿಯ ಫೋನ್ ನಂಬರ್ ಕೇಳಿದ್ದೆ. ತನ್ನ ಹತ್ತಿರ ಫೋನಿಲ್ಲ ಎಂದು ಸೊಸೆಯದ್ದು ಕೊಟ್ಟಳು. ಎಂತಕ್ಕೆ ಎಂದು ಕೇಳಲೂ ಇಲ್ಲ.

ಮುಂದಿನ ತಿಂಗಳು ಕುಮಟಾದ ಕಡೆಯ ಲೈಟ್‌ಹೌಸುಗಳಂತೆ. ಪ್ರಶಾಂತನ ಫಾರ್ಮ್ ಮತ್ತೆ ಬಂದಿದೆ. ಹೆಸರು, ವಯಸ್ಸು, ಬಿಪಿ, ಶುಗರ್ ಎಲ್ಲ ತುಂಬಿದೆ. ತುರ್ತು ಸಂಪರ್ಕದ ಜಾಗದಲ್ಲಿ ನನ್ನ ಎರಡನೇ ಸಿಮ್ಮಿನ ನಂಬರ್ ಅಳಿಸಿ ಆ ಸೊಸೆಯ ನಂಬರ್ ಬರೆದೆ. ಪಕ್ಕದಲ್ಲಿ ‘ಸಂಬಂಧ’ ಎಂಬ ಕಾಲಮ್ಮು, ಅದರ ತಲೆಯ ಮೇಲೆ ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗುವುದಿಲ್ಲ. ಮೂರು ದಿನದಿಂದ ಅಲ್ಲೇ ಕೂತಿದ್ದೇನೆ.

ನನ್ನ ಚಪ್ಪಲಿ ನೋಡಿ ನಾನಿಲ್ಲ ಎಂದು ತಿಳಿದವಳು ನನಗೆ ಏನಾಗಬೇಕು, ನೀವೇ ಹೇಳಿ?