ಕುರುಬನಿಗೆ ಎರಡು ಚುಕ್ಕಿ ಹೆಚ್ಚಾದಾಗ

ಮೊನ್ನೆ ಕಣ್ಣು ತೋರಿಸಲು ಕೋಲಾರದ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಲಿಫ್ಟ್ ಎಂದರೆ ನನಗೆ ಈಗಲೂ ಒಳಗೊಳಗೇ ಅಳುಕು. ಮೊಣಕಾಲು ಮೆಟ್ಟಿಲಿಗೆ ಒಪ್ಪದ ಕಾರಣ ಧೈರ್ಯ ಮಾಡಿ ಒಳಗೆ ಹೋದೆ. ಮೂರನೇ ಮಹಡಿಯ ಗುಂಡಿ ಒತ್ತಲು ಹೋದ ಬೆರಳು ಅಲ್ಲೇ ನಿಂತುಬಿಟ್ಟಿತು. ಅಂಕಿಯ ಪಕ್ಕದಲ್ಲಿ ಸಣ್ಣ ಚುಕ್ಕಿಗಳು ಉಬ್ಬಿದ್ದವು. ನೀವೂ ನೋಡಿರುತ್ತೀರಿ, ಕಣ್ಣಿಲ್ಲದವರು ಮುಟ್ಟಿ ಓದಲೆಂದು ಮಾಡಿದ ಬ್ರೈಲ್ ಚುಕ್ಕಿಗಳು. ನನ್ನ ಬೆರಳು ತನ್ನಷ್ಟಕ್ಕೆ ತಾನೇ ‘ಚ’ ಎಂದು ಓದಿತು. ಮೂರರ ಅಂಕಿಗೂ ಕನ್ನಡದ ಚಕಾರಕ್ಕೂ ಅವೇ ಎರಡು ಚುಕ್ಕಿ. ಹಿಂದೆ ನಿಂತಿದ್ದ ಹುಡುಗಿ, “ಒತ್ತಿ ಅಜ್ಜಿ, ಏನೂ ಆಗಲ್ಲ” ಎಂದಳು. ಹೆದರಿ ನಿಂತಿದ್ದೇನೆ ಎಂದುಕೊಂಡಳು ಪಾಪ. ನಾನಾದರೋ ಅಷ್ಟರಲ್ಲಿ ಮುಳಬಾಗಿಲು ತಲುಪಿದ್ದೆ, ನಲವತ್ತೈದು ವರ್ಷಗಳ ಹಿಂದಕ್ಕೆ.

ಆಗ ನಮ್ಮವರು ಮುಳಬಾಗಿಲಿನ ಒಂದು ಸಣ್ಣ ಕ್ರೈಸ್ತ ಸಭೆಗೆ ಪಾಸ್ಟರ್. ನಾನು ಪ್ರೈಮರಿ ಶಾಲೆಯಲ್ಲಿ ಟೀಚರು. ಸಭೆಯವರಿಗೆ ಅವರು ಅಯ್ಯನೋರು, ಆ ಸಂಬಂಧದಿಂದ ನಾನು ಅಮ್ಮನೋರು. ಇಪ್ಪತ್ತಾರು ವರ್ಷಕ್ಕೇ ಅಮ್ಮನೋರಾಗುವುದು ಸುಲಭವಲ್ಲ. ಬೀದಿಯಲ್ಲಿ ಜೋರಾಗಿ ನಕ್ಕರೆ ಯಾರೋ ನೋಡುತ್ತಾರೆ, ನಗದಿದ್ದರೆ ಇನ್ಯಾರೋ ಕೇಳುತ್ತಾರೆ.

ನಮ್ಮ ಮೊದಲ ಮಗು ಹತ್ತೊಂಬತ್ತು ದಿನ ಬದುಕಿತ್ತು. ಕೃಪಾ ಎಂದು ಹೆಸರಿಟ್ಟಿದ್ದೆವು. ಇಪ್ಪತ್ತನೇ ದಿನ ಸಮಾಧಿಯ ಮುಂದೆ ನಿಂತು ನಮ್ಮವರೇ ಪ್ರಾರ್ಥನೆ ಮಾಡಿದರು. ಇದು ದೇವರ ಚಿತ್ತ, ನಾವು ಒಪ್ಪಿಕೊಳ್ಳಬೇಕು ಎಂದರು. ಆಮೇಲೆ ಮನೆಗೆ ಬಂದವರೆಲ್ಲ ಅದೇ ಮಾತು ಹೇಳಿದರು. ನಾನು ತಲೆಯಾಡಿಸಿ ಎಲ್ಲರಿಗೂ ಕಾಫಿ ಕೊಟ್ಟೆ. ಅವತ್ತಿನಿಂದ ನನ್ನೊಳಗೆ ಪ್ರಾರ್ಥನೆ ನಿಂತುಹೋಯಿತು. ಹೊರಗೆ ಮಾತ್ರ ನಡೆಯುತ್ತಲೇ ಇತ್ತು. ಪ್ರತಿ ಗುರುವಾರ ಸಂಜೆ ಹೆಂಗಸರ ಕೂಟದಲ್ಲಿ ನಾನೇ ಪ್ರಾರ್ಥಿಸಬೇಕಿತ್ತು. ಬಸ್ ಕಂಡಕ್ಟರು ಶ್ರೀನಿವಾಸಪುರದ ದಾರಿಯ ಊರುಗಳ ಹೆಸರು ಒದರುತ್ತಾನಲ್ಲ, ಹಾಗೆ ಒದರುತ್ತಿದ್ದೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು. ಮೇಲೆ ಯಾರೂ ಇಲ್ಲ ಎಂದು ಅನುಮಾನವಾಗಿದೆ ಎಂದು ಪಾಸ್ಟರ ಹೆಂಡತಿ ಯಾರಿಗೆ ಹೇಳಬೇಕು? ಪಾಸ್ಟರಿಗೇ?

ಆ ಕೂಟಕ್ಕೆ ಶಾಂತಮ್ಮ ಬರುತ್ತಿದ್ದರು. ನಲವತ್ತು ದಾಟಿದ ಹೆಂಗಸು, ಹುಟ್ಟಿನಿಂದಲೇ ಕಣ್ಣಿಲ್ಲ. ಚಿಕ್ಕಂದಿನಲ್ಲಿ ಬೆಂಗಳೂರಿನ ಅಂಧರ ಶಾಲೆಯೊಂದರಲ್ಲಿ ಬ್ರೈಲ್ ಓದುವುದನ್ನೂ ಬೆತ್ತ ಹೆಣೆಯುವುದನ್ನೂ ಕಲಿತಿದ್ದರು. ಕ್ರಿಸ್ತನನ್ನು ನಂಬಿದ್ದೂ ಅಲ್ಲೇ. ಮನೆಯವರೆಲ್ಲ ಹಿಂದೂಗಳು, ಅಣ್ಣ ವೆಂಕಟೇಶಪ್ಪ ರಾಗಿ, ಹಿಪ್ಪುನೇರಳೆ ಬೆಳೆಯುವ ರೈತ. ತಂಗಿಯ ದೇವರು ಬೇರೆಯಾದರೂ ಪ್ರತಿ ಗುರುವಾರ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದು, ಮುಗಿಯುವ ತನಕ ಹೊರಗೆ ಬೀಡಿ ಸೇದುತ್ತಾ ಕಾಯುತ್ತಿದ್ದ.

ಒಂದು ದಿನ ಶಾಂತಮ್ಮ ನನ್ನ ಕೈ ಹಿಡಿದುಕೊಂಡು, “ಅಮ್ಮನೋರೆ, ನನ್ನ ಹತ್ರ ಇರೋದು ಒಂದೇ ಪುಸ್ತಕ. ಓದಿ ಓದಿ ಚುಕ್ಕೀನೇ ಸವೆದೋಗಿದೆ. ನೀವು ನನಗೆ ಕೀರ್ತನೆಗಳನ್ನ ಬರ್ಕೊಡ್ತೀರಾ? ಚುಕ್ಕಿ ಒತ್ತೋದು ನಾನೇ ಹೇಳ್ಕೊಡ್ತೀನಿ” ಎಂದರು. ಅಮ್ಮನೋರಾದವಳು ಆಗಲ್ಲ ಎನ್ನುವುದು ಹೇಗೆ? ಆಗಲಿ ಎಂದೆ. ಬೈಬಲಿನಲ್ಲಿ ಕೀರ್ತನೆಗಳು ನೂರೈವತ್ತು ಇವೆ ಎನ್ನುವುದು ಮನೆಗೆ ಬಂದ ಮೇಲೆ ನೆನಪಾಯಿತು.

ಬ್ರೈಲ್ ಬರೆಯುವುದೆಂದರೆ ದಪ್ಪ ಕಾಗದವನ್ನು ತೂತುಗಳ ಪಟ್ಟಿಯಲ್ಲಿ ಸಿಕ್ಕಿಸಿ, ಮೊಳೆಯಂಥ ಕಡ್ಡಿಯಿಂದ ಒಂದೊಂದೇ ಚುಕ್ಕಿಯನ್ನು ಒತ್ತುವುದು. ಕಾಗದ ತಿರುಗಿಸಿದಾಗ ಚುಕ್ಕಿ ಉಬ್ಬಿ ಕಾಣಬೇಕಾದ್ದರಿಂದ ಬಲದಿಂದ ಎಡಕ್ಕೆ, ಅಕ್ಷರವನ್ನೂ ತಿರುವುಮುರುವಾಗಿ ಬರೆಯಬೇಕು. ಕಾಗದವನ್ನು ವೆಂಕಟೇಶಪ್ಪ ತಂದುಕೊಡುತ್ತಿದ್ದ: ನಂಗಲಿಯ ಲಾರಿ ಆಫೀಸುಗಳಲ್ಲಿ ಬೇಡಿ ತಂದ ಹಳೆಯ ಕ್ಯಾಲೆಂಡರುಗಳು. ಹಾಗಾಗಿ ಒಂದು ಬದಿಗೆ ತಿರುಪತಿ ತಿಮ್ಮಪ್ಪ, ಇನ್ನೊಂದು ಬದಿಗೆ ಬೈಬಲಿನ ರಾಜ ದಾವೀದನ ಕೀರ್ತನೆ. ಸಭೆಯ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. ಶಾಂತಮ್ಮ ತಣ್ಣಗೆ, “ಚಿತ್ರ ಕಾಣೋದು ನಿಮಗೆ ಅಯ್ಯಾ, ನನಗಲ್ಲ” ಎಂದರು. ಅಲ್ಲಿಗೆ ಅದು ಮುಗಿಯಿತು.

ಎಲ್ಲರೂ ಮೊದಲು ಕೇಳುವುದು ದೇವರನ್ನು ಕುರುಬನಿಗೆ ಹೋಲಿಸುವ ಇಪ್ಪತ್ತಮೂರನೆಯದನ್ನೇ. ನಾನೂ ಅದರಿಂದಲೇ ಶುರುಮಾಡಿದೆ. ಶಾಲೆಯಿಂದ ಬಂದು ದಿನಾ ಒಂದು ಗಂಟೆ ಕೂತು ವಾರದಲ್ಲಿ ಮುಗಿಸಿದೆ. ಗುರುವಾರ ಶಾಂತಮ್ಮ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿದರು. ಮೊದಲ ಸಾಲಿನಲ್ಲೇ ಬೆರಳು ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಆಮೇಲೆ ಹೆಗಲು ಕುಣಿಯುವ ಹಾಗೆ ನಗತೊಡಗಿದರು.

“ಏನಾಯ್ತು ಶಾಂತಮ್ಮ?”

“ಬಕಾರಕ್ಕೆ ಎರಡು ಚುಕ್ಕಿ ಜಾಸ್ತಿ ಒತ್ತಿದೀರಿ. ಡಕಾರ ಆಗೋಗಿದೆ. ದೇವ್ರು ಕುರುಬ ಅಲ್ಲ, ಕುರುಡ ಅಂತ ಬರ್ದಿದೀರಿ.” ನಗು ತಡೆದುಕೊಂಡು, “ಹಂಗಾದ್ರೆ ನಮ್ಮೋನೇ ಬಿಡಿ” ಎಂದರು.

ನನಗೆ ನಗು ಬರಲಿಲ್ಲ. ಏನಾಯಿತೋ ಕಾಣೆ, ಬಾಯಿ ತಾನಾಗಿ ಆಡಿಬಿಟ್ಟಿತು. “ಸರಿಯಾಗೇ ಬರೆದಿದೀನಿ ಶಾಂತಮ್ಮ. ಅವನು ಕುರುಡನೇ. ನನ್ನ ಮಗು ಹತ್ತೊಂಬತ್ತು ದಿನ ಒದ್ದಾಡಿದ್ದು ಅವನಿಗೆ ಕಾಣಲಿಲ್ಲ.”

ಇದು ಇನ್ನು ಇಡೀ ಸಭೆಗೆ ಗೊತ್ತಾಗುತ್ತದೆ, ನಮ್ಮವರ ಕೆಲಸ ಹೋಗುತ್ತದೆ ಎಂದೆಲ್ಲ ಕ್ಷಣದಲ್ಲಿ ಯೋಚಿಸಿಬಿಟ್ಟೆ. ಶಾಂತಮ್ಮ ಹಾಳೆಯನ್ನು ಮಡಚದೆ ಪಕ್ಕಕ್ಕಿಟ್ಟರು.

“ಇದನ್ನ ಅವನಿಗೆ ಹೇಳಿದೀರಾ?”

“ಯಾರಿಗೆ?”

“ದೇವ್ರಿಗೆ. ನನಗೆ ಹೇಳಿದ್ರೆ ನಾನೇನ್ ಮಾಡ್ಲಿ ಅಮ್ಮನೋರೆ?” ನನ್ನ ಕೈ ಹುಡುಕಿ ಹಿಡಿದು, “ಹದಿಮೂರನೇದು ಬರೀರಿ. ಶಾಲೇಲಿ ಓದಿ ಹೇಳ್ತಿದ್ರು. ಅದ್ರಾಗೆ ಒಬ್ಬ ನಿಮ್ಮಂಗೇ ಜಗಳ ಆಡ್ತಾನೆ” ಎಂದರು.

ಪಾಸ್ಟರ ಹೆಂಡತಿಯಾಗಿ ನಾನು ಕೀರ್ತನೆಗಳನ್ನೆಲ್ಲ ಓದಿದ್ದೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವುಗಳ ಮೇಲೆ ಕಣ್ಣು ಓಡಿಸಿದ್ದೆ, ಅಷ್ಟೆ. ಕಣ್ಣು ಬೇಕಾದ್ದನ್ನು ಹೆಕ್ಕಿಕೊಂಡು ಬೇಡದ್ದನ್ನು ದಾಟಿಬಿಡುತ್ತದೆ. ಚುಕ್ಕಿ ಒತ್ತುವವಳಿಗೆ ದಾಟುವ ಅನುಕೂಲವಿಲ್ಲ. ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀಯ ಎಂದು ಆ ಮನುಷ್ಯ ದೇವರನ್ನು ಕೇಳುವ ಮಾತನ್ನು ನಾನು ಒಂದೊಂದೇ ಅಕ್ಷರವಾಗಿ, ಕೈ ನೋಯುವಂತೆ ಒತ್ತಿದೆ. ಎರಡನೇ ಸಾಲಿಗೆ ಬರುವಾಗ ಅದು ನನ್ನ ಮಾತೇ ಆಗಿತ್ತು. ಆಮೇಲೆ ಇಂಥವನ್ನೇ ಹುಡುಕಿ ಹುಡುಕಿ ಬರೆದೆ. ನೋಟ್‌ಬುಕ್ಕೊಂದರಲ್ಲಿ ಗುರುತು ಹಾಕತೊಡಗಿದೆ: ಇವನು ಯಾವುದಕ್ಕೆ ಅಳುತ್ತಾನೆ, ಎಲ್ಲಿ ಬೈಯುತ್ತಾನೆ, ಎಲ್ಲಿ ‘ಆದರೂ’ ಎನ್ನುತ್ತಾನೆ. ಆ ‘ಆದರೂ’ ಹಲವು ಕಡೆ ಇದ್ದಕ್ಕಿದ್ದಂತೆ ಬರುತ್ತಿತ್ತು. ಎರಡು ಸಾಲಿನ ನಡುವೆ ಅವನಿಗೆ ಏನಾಯಿತು ಎಂದು ಸಾರಿಗೆ ಉಪ್ಪು ಹಾಕುವುದನ್ನೂ ಮರೆತು ಯೋಚಿಸುತ್ತಿದ್ದೆ. ನಮ್ಮವರು ಸಪ್ಪೆ ಸಾರನ್ನು ಏನೂ ದೂರದೆ ಉಣ್ಣುತ್ತಿದ್ದರು.

ಎಂಬತ್ತೆಂಟನೆಯದಕ್ಕೆ ಬಂದಾಗ ಸಿಕ್ಕಿಬಿದ್ದೆ. ಅದರಲ್ಲಿ ‘ಆದರೂ’ ಇಲ್ಲ. ಮೊದಲಿನಿಂದ ಕೊನೆಯವರೆಗೂ ಗೋಳು. ಕೊನೆಗೆ ಕತ್ತಲೆಯಲ್ಲಿ ನಿಂತುಬಿಡುತ್ತದೆ. ನನ್ನ ಅನುಮಾನವೇ ಗೆದ್ದಿತು ಎಂಬಂಥ ಒಂದು ಕಹಿ ಸಂತೋಷದಿಂದ ಅದನ್ನು ಬರೆದು ಶಾಂತಮ್ಮನ ಕೈಗಿಟ್ಟೆ.

ಅವರು ನಿಧಾನವಾಗಿ ಓದಿದರು. ಕೊನೆಯ ಸಾಲು ಮುಗಿದ ಮೇಲೂ ಬೆರಳು ಕೆಳಗಿನ ಖಾಲಿ ಕಾಗದದ ಮೇಲೆ ಇನ್ನೇನಾದರೂ ಇದೆಯೇ ಎಂದು ತಡಕಾಡಿತು.

“ಮುಗೀತಾ?”

“ಮುಗೀತು. ಅಷ್ಟೇ ಇರೋದು. ದೇವ್ರು ಬಾಯೇ ಬಿಡಲ್ಲ.”

ಶಾಂತಮ್ಮ ಹಾಳೆಯ ಮೇಲೆ ಅಂಗೈ ಇಟ್ಟರು. ಹೊರಗೆ ವೆಂಕಟೇಶಪ್ಪ ಯಾರೊಂದಿಗೋ ತೆಲುಗಿನಲ್ಲಿ ರೇಷ್ಮೆಗೂಡಿನ ಮಾತಾಡುತ್ತಿದ್ದ.

“ಕತ್ತಲೆ ಅಂದ್ರೆ ನನಗೆ ಗೊತ್ತಿಲ್ಲ ಅಮ್ಮನೋರೆ, ಬೆಳಕು ನೋಡಿದೋರಿಗೆ ಅದು. ನನಗೆ ಗೊತ್ತಿರೋದು ಬೇರೆ. ಒಂದು ರೂಮಿಗೆ ಹೋದ್ರೆ ಅಲ್ಲಿ ಯಾರಾದ್ರೂ ಇದಾರಾ ಇಲ್ವಾ ಅಂತ ನನಗೆ ತಿಳಿಯುತ್ತೆ. ಅವರು ಉಸಿರು ಬಿಗಿಹಿಡಿದು ಕೂತಿದ್ರೂ ತಿಳಿಯುತ್ತೆ. ಯಾರೂ ಇಲ್ಲ ಅಂದ್ರೆ ನಾನು ಬಾಯೇ ತೆಗೆಯಲ್ಲ. ಈ ಮನುಷ್ಯ ಕೊನೇವರೆಗೂ ನೀನು, ನೀನು ಅಂತಾನೇ ಇದಾನೆ. ಯಾರೋ ಇದಾರೆ ಅಂತ ಅವನಿಗೆ ತಿಳಿದಿರ್ಬೇಕು. ಇಲ್ದಿದ್ರೆ ಇಷ್ಟೊತ್ತು ಯಾರ ಹತ್ರ ಮಾತಾಡ್ದ?”

ಹೆಂಗಸರು ಒಬ್ಬೊಬ್ಬರಾಗಿ ಬಂದು ಚಾಪೆಯ ಮೇಲೆ ಕೂತರು. ಪ್ರಾರ್ಥನೆಯ ಹೊತ್ತಾಯಿತು. ಊರುಗಳ ಹೆಸರು ಒದರಲು ಬಾಯಿ ತೆಗೆದೆ, ಬರಲಿಲ್ಲ. ಎಂಬತ್ತೆಂಟನೆಯದನ್ನೇ ಗಟ್ಟಿಯಾಗಿ ಓದಿದೆ. ಕಣ್ಣು ಮುಚ್ಚಿ, “ಕೃಪಾಳನ್ನು ಯಾಕೆ ಕರೆದುಕೊಂಡೆ? ನನಗೆ ನಿನ್ನ ಮೇಲೆ ಕೋಪ ಇದೆ” ಎಂದೆ. ಮಗು ಹೋದ ಮೇಲೆ ದೇವರೊಂದಿಗೆ ನಾನಾಡಿದ ಮೊದಲ ನಿಜವಾದ ಮಾತು ಅದು. ವಿಚಿತ್ರವೆಂದರೆ, ಆಡಿದ ಕೂಡಲೇ ಯಾರೋ ಕೇಳಿಸಿಕೊಂಡರು ಅನ್ನಿಸಿತು.

ಯಾರೂ ಎದ್ದು ಹೋಗಲಿಲ್ಲ. ಮೂಲೆಯಲ್ಲಿದ್ದ ಒಬ್ಬ ಮುದುಕಿ ತೀರಿಕೊಂಡ ತನ್ನ ಎರಡನೇ ಮಗುವಿನ ಹೆಸರು ಹೇಳಿದಳು. ಆಮೇಲೆ ಇನ್ನೊಬ್ಬಾಕೆ. ಆ ಹೆಸರುಗಳನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ.

ನಮ್ಮವರು ಬಾಗಿಲ ಹೊರಗೆ ನಿಂತಿದ್ದರಂತೆ. ಎಲ್ಲರೂ ಹೋದ ಮೇಲೆ ಒಳಗೆ ಬಂದು ಚಾಪೆ ಸುತ್ತುತ್ತಾ, ನನ್ನ ಕಡೆ ನೋಡದೆ, “ಅವತ್ತು ಸಮಾಧಿ ಹತ್ರ ನಾನು ಹಂಗಂದಿದ್ದು, ಬೇರೆ ಏನು ಹೇಳ್ಬೇಕು ಅಂತ ಗೊತ್ತಾಗಲಿಲ್ಲ ಕಣೇ” ಎಂದರು. ಅರ್ಧ ಸುತ್ತಿದ ಚಾಪೆಯ ಮೇಲೇ ಇಬ್ಬರೂ ಕೂತು ಅತ್ತೆವು. ಅದುವರೆಗೆ ನಾವು ಒಟ್ಟಿಗೆ ಅತ್ತಿರಲಿಲ್ಲ.

ಅವತ್ತೇ ನನ್ನ ಅನುಮಾನವೆಲ್ಲ ಹಾರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅದು ಹೋಗುತ್ತಿತ್ತು, ಬರುತ್ತಿತ್ತು. ಬಂದಾಗ ಹೆದರದೆ ಅದನ್ನೂ ಪ್ರಾರ್ಥನೆಯೊಳಗೆ ಕೂರಿಸಿಕೊಳ್ಳುವುದನ್ನು ಕಲಿತೆ. ನಡುವೆ ನಮ್ಮವರಿಗೆ ಮಾಲೂರಿಗೆ ವರ್ಗವಾಯಿತು. ಹಾಳೆಗಳ ಕಟ್ಟನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೆ. ಇಬ್ಬರು ಗಂಡುಮಕ್ಕಳಾದರು. ನೂರೈವತ್ತನೆಯದು ಮುಗಿಯುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಅದನ್ನು ತೆಗೆದುಕೊಂಡು ಹೋಗಲು ಶಾಂತಮ್ಮ ಅಣ್ಣನ ಜೊತೆ ಮಾಲೂರಿಗೇ ಬಂದರು. ಊಟವನ್ನೂ ಮರೆತು ನಡುಮನೆಯಲ್ಲಿ ಓದುತ್ತಾ ಕೂತರು. ಪಕ್ಕದಲ್ಲಿ ವೆಂಕಟೇಶಪ್ಪ ನಿದ್ದೆ ಹೋಗಿದ್ದ. ಆಮೇಲೂ ಬಹಳ ವರ್ಷ ಆಕೆ ಅವನ್ನು ಓದಿಕೊಂಡು ಬದುಕಿದ್ದರು.

ಈಗ ನಾವು ಕೋಲಾರದಲ್ಲಿದ್ದೇವೆ. ನಮ್ಮವರಿಗೆ ಎಂಬತ್ತಾಗುತ್ತಾ ಬಂತು. ಬೆಳಿಗ್ಗೆ ತಿಂಡಿಗೆ ಮುಂಚೆ ಇಬ್ಬರೂ ಮೇಜಿನ ಎದುರುಬದುರು ಕೂತು ಪ್ರಾರ್ಥಿಸುತ್ತೇವೆ. ಅವರದು ಇಂದಿಗೂ ಇಸ್ತ್ರಿ ಹಾಕಿದ ಅಂಗಿಯಂಥ ಪ್ರಾರ್ಥನೆ. ನನ್ನದು ಕೇಳಲು ಅಷ್ಟು ಚೆನ್ನಾಗಿರುವುದಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಕೃಪಾಳ ವಿಷಯ ಎತ್ತಿದೆ. ನೀನು ಇನ್ನೂ ನನಗೆ ಉತ್ತರ ಕೊಟ್ಟಿಲ್ಲ, ನಾಳೆಯೂ ಕೇಳುತ್ತೇನೆ ಎಂದೆ. ಎದುರಿನಿಂದ ನಮ್ಮವರು ಗಟ್ಟಿಯಾಗಿ “ಆಮೆನ್” ಎಂದರು. ಉಪ್ಪಿಟ್ಟು ಇನ್ನೂ ಬಿಸಿಯಾಗಿತ್ತು. ಇಬ್ಬರೂ ತಿಂದೆವು.