ಸಾಣೆಯವನ ಎಡಕ್ಕೆ ತಿರುಗು

ನಮ್ಮ ಅಣ್ಣಯ್ಯನಿಗೆ ಬೆಂಗಳೂರಿನ ಒಂದು ಬೀದಿಯ ಹೆಸರೂ ಗೊತ್ತಿರಲಿಲ್ಲ. ಆದರೂ ಪ್ರತಿ ವರ್ಷ ಚಳಿ ಬೀಳುವುದಕ್ಕೆ ಮುಂಚೆ ಕಂಬಳಿಗಳನ್ನು ಹೆಗಲಿಗೆ ಹೇರಿಕೊಂಡು ಹೋಗಿ ಅಲ್ಲಿನ ಬೀದಿಗಳಲ್ಲಿ ಮಾರಿ ಬರುತ್ತಿದ್ದ. ನಮ್ಮೂರು ಪಾವಗಡ ತಾಲ್ಲೂಕಿನದು. ಮನೆಯ ಹಿಂದಿನಿಂದ ನೋಡಿದರೆ ನಿಡುಗಲ್ ಬೆಟ್ಟ ಕಾಣುತ್ತದೆ. ಮನೆಯಲ್ಲಿ ಕುರಿಗಳಿದ್ದವು, ಒಂದು ಗುಂಡಿ ಮಗ್ಗ ಇತ್ತು. ಅವ್ವ ಉಣ್ಣೆ ನೂಲುತ್ತಿದ್ದಳು, ಅಣ್ಣಯ್ಯ ನೇಯುತ್ತಿದ್ದ. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಶಿರಾದ ಒಂದು ಕಡ್ಲೆಕಾಯಿ ಮಂಡಿಯಲ್ಲಿ ತೂಕ ಬರೆಯುವ ಕೆಲಸಕ್ಕೆ ಸೇರಿದ್ದೆ. ರಜೆಯಲ್ಲಿ ಬಂದಾಗ ಮಗ್ಗದಲ್ಲಿ ಕೂತರೆ ಅಣ್ಣಯ್ಯ ನೋಡಿ ನಗುತ್ತಿದ್ದ. "ಲೇ, ಕಂಬಳಿ ನೇಯ್ತಿದ್ದೀಯೋ, ಮೀನು ಹಿಡಿಯೋ ಬಲೆ ನೇಯ್ತಿದ್ದೀಯೋ?" ಅನ್ನುತ್ತಿದ್ದ. ನನ್ನ ಕೈಗೆ ಬಿಗಿ ಬರಲೇ ಇಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ಅವನಿಗೆ ಕಾಮಾಲೆ ಆಯಿತು. ಮಲಗಿದವನು ಏಳಲಿಲ್ಲ. ಮಗ್ಗದ ಮೇಲೆ ಒಂದು ಕರಿ ಕಂಬಳಿ ಮುಕ್ಕಾಲು ಪಾಲು ಆಗಿ ನಿಂತಿತ್ತು. ಅದು ಬೆಂಗಳೂರಿನ ಒಂದು ಮನೆಯ ಮದುವೆಗೆ ಹೋಗಬೇಕಾದದ್ದು. ಹೆಣ್ಣುಗಂಡನ್ನು ಕೂರಿಸುವ ಹಸೆಗೆ ಯಾರೂ ಒಮ್ಮೆಯೂ ಹೊದೆಯದ ಹೊಸ ಕಂಬಳಿಯೇ ಆಗಬೇಕು. ಹಿಂದಿನ ವರ್ಷ ಆ ಮನೆಯ ಅಜ್ಜಿಯ ಕೈಯಿಂದ ಎಲೆ ಅಡಿಕೆ ಇಸಿದುಕೊಂಡು ಅಣ್ಣಯ್ಯ ಮಾತು ಕೊಟ್ಟು ಬಂದಿದ್ದ.

ಮಲಗಿದ್ದಾಗ ಅವನು ಆ ದಾರಿಯನ್ನು ನನಗೆ ಮತ್ತೆ ಮತ್ತೆ ಹೇಳಿದ. "ಬಸ್ ಸ್ಟ್ಯಾಂಡ್ ಇಳಿದು ಮಾರ್ಕೆಟ್ ಕಡೆ ಹೋಗೋ ದೊಡ್ಡ ರಸ್ತೆ ಹಿಡಿ. ಅರಳಿ ಕಟ್ಟೆ ಹತ್ರ ಸಾಣೆ ಹಿಡಿಯೋನು ಕುಂತಿರ್ತಾನೆ. ಅವನ ಎಡಕ್ಕೆ ತಿರುಗು. ನಲ್ಲಿ ಹತ್ರ ಹೆಂಗಸ್ರು ಜಗಳಾಡ್ತಿರ್ತಾರೆ, ಅವರ್ನ ದಾಟು. ಹತ್ತಿ ಎಕ್ಕೋ ಸದ್ದು ಕೇಳ್ತದೆ, ಆ ಸದ್ದಿನ ಕಡೀಕೆ ನಡಿ. ಆಮೇಲೆ ಹುಲ್ಲುಕರು ಹೊತ್ಕಂಡು ಹಾಲು ಕರೆಯೋನು ಸಿಗ್ತಾನೆ. ಅವನ ಹಿಂದೆ ಹೋಗು. ಕಡೇಗೆ ಯಾವ ಬಾಗಿಲಲ್ಲಿ ಕರೀತಾನೋ ಅದೇ ಮನೆ ಕಣ್ಲಾ."

ಮನೆ ಯಜಮಾನರ ಹೆಸರು ಕೇಳಿದೆ. ಗೊತ್ತಿಲ್ಲ ಅಂದ. ಅಜ್ಜಿ ಕೊರಟಗೆರೆ ಕಡೆಯವಳು ಅಂದ, ಅಷ್ಟೆ.

ಅವನಿಗಿನ್ನೂ ಮದುವೆ ಆಗಿರಲಿಲ್ಲ. ಮಾಡಬೇಕಾದ್ದನ್ನೆಲ್ಲ ನಾನೇ ಮಾಡಿ ತಲೆ ಬೋಳಿಸಿಕೊಂಡೆ. ತಿಥಿ ಕಳೆದ ಮೇಲೆ ಮಗ್ಗಕ್ಕೆ ಇಳಿದು ಉಳಿದ ಕಾಲು ಪಾಲನ್ನು ನೇಯ್ದೆ. ಅವ್ವ ಹುಣಸೆ ಬೀಜದ ಗಂಜಿ ಕಾಸಿ ಕಂಬಳಿಗೆ ಹಚ್ಚಿ ಬಂಡೆಯ ಮೇಲೆ ಒಣಗಿಸಿದಳು. ಮಡಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಡುವಾಗ ಒಂದೇ ಮಾತು ಹೇಳಿದಳು. "ಮದುವೆ ಮನೆ ಕಣಪ್ಪ. ಸಾವಿನ ಮಾತು ಬಾಯಲ್ಲಿ ಬರಬಾರ್ದು. ಗೊತ್ತಾದ್ರೆ ಇದ್ನ ಹಸೆಗೆ ಹಾಕಲ್ಲ, ವಾಪಸ್ ಕಳಿಸ್ಬುಡ್ತಾರೆ. ಯಾರು ಕೇಳುದ್ರೂ ಊರಲ್ಲವ್ನೆ ಅನ್ನು."

ಬಸ್ಸು ಮಧುಗಿರಿ, ಕೊರಟಗೆರೆ ಹಾದು ಬೆಂಗಳೂರು ಸೇರುವ ಹೊತ್ತಿಗೆ ಮಧ್ಯಾಹ್ನ ಮೀರಿತ್ತು. ದೊಡ್ಡ ರಸ್ತೆ ಹಿಡಿದು ನಡೆದೆ. ಮೊದಲ ಅರಳಿ ಕಟ್ಟೆಯ ಮೇಲೆ ಒಬ್ಬ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದ. ಎರಡನೆಯ ಕಟ್ಟೆಯಲ್ಲಿ ಗಿಣಿ ಶಾಸ್ತ್ರದವನಿದ್ದ. ಸಾಣೆಯವನು ಎಲ್ಲೂ ಇಲ್ಲ. ಆದರೂ ಎಡಕ್ಕಿದ್ದ ಒಂದೊಂದೇ ಗಲ್ಲಿಯೊಳಗೆ ಹೋಗಿ ನೋಡಿದೆ. ಒಂದರಲ್ಲಿ ಸೀಮೆಎಣ್ಣೆ ಡಿಪೋ ಮುಂದೆ ಡಬ್ಬಗಳು ಮಾತ್ರ ಸಾಲಾಗಿ ನಿಂತಿದ್ದವು. ಜನ ಎದುರಿನ ನೆರಳಿನಲ್ಲಿ ಕೂತು ತಮ್ಮ ತಮ್ಮ ಡಬ್ಬದ ಮೇಲೆ ಕಣ್ಣಿಟ್ಟಿದ್ದರು. ಇನ್ನೊಂದರಲ್ಲಿ ಸೈಕಲ್ಲಿಗೆ ಅಂಟಿನ ಬಕೆಟ್ಟು ಸಿಕ್ಕಿಸಿಕೊಂಡವನು ಹಳೆಯ ಸಿನಿಮಾ ಪೋಸ್ಟರಿನ ಮೇಲೆ ಹೊಸದನ್ನು ಬಳಿಯುತ್ತಿದ್ದ. ಹಳೆಯ ನಾಯಕಿಯ ಒಂದು ಕೈ ಹೊರಗೆ ಉಳಿದುಬಿಟ್ಟಿತು.

ಮುಂದಿನ ಗಲ್ಲಿಯಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಒಂದು ಮನೆಯ ಮುಂದೆ ಬುಟ್ಟಿ ಇಳಿಸಿದ್ದಳು. ಪ್ಯಾಂಟೊಂದನ್ನು ಬಿಸಿಲಿಗೆ ಹಿಡಿದು, "ಮಂಡಿ ಹತ್ರ ಸವೆದೈತೆ ಕಣಮ್ಮ, ಇದಕ್ಕೆ ಡಬರಿ ಬರಲ್ಲ, ಲೋಟ ತಗೋ" ಅಂದಳು.

"ಎಲ್ಲಿ ಸವೆದಿದೆ? ನಮ್ ಯಜಮಾನ್ರೇನು ಮಂಡಿ ಮೇಲೆ ಆಫೀಸಿಗೆ ಹೋಗ್ತಾರಾ?"

"ಅದ್ನ ನಾನ್ ಹೆಂಗೆ ಹೇಳ್ಲಮ್ಮ, ಮನೇಲಿ ನಿನ್ ಮುಂದೆ ಹೆಂಗೆ ನಡೀತಾರೋ ಏನೋ."

ಬಾಗಿಲಿನಲ್ಲಿದ್ದವಳು ನಕ್ಕುಬಿಟ್ಟಳು. ಡಬರಿ ಸಿಕ್ಕಿತೋ ಇಲ್ಲವೋ ನಾನು ನೋಡಲಿಲ್ಲ. ಇಷ್ಟು ವರ್ಷ ಇಂಥದ್ದನ್ನು ನೋಡಿ ಊರಿಗೆ ಬಂದು ಹೇಳುವವನು ಅಣ್ಣಯ್ಯ, ಕೇಳುವವನು ನಾನು.

ಸಂಜೆಯಾಗುವ ಹೊತ್ತಿಗೆ ಒಂದು ಬತ್ತಿದ ನಲ್ಲಿ ಸಿಕ್ಕಿತು. ಅದರ ಮೇಲೆ ಒಂದು ಕಾಗೆ ಕೂತಿತ್ತು. ಜಗಳವಾಡಲು ಯಾರೂ ಇರಲಿಲ್ಲ. ಆಗ ನನಗೆ ತಿಳಿಯಿತು. ಅಣ್ಣಯ್ಯ ನನಗೆ ಹೇಳಿದ್ದು ಬೆಳಗಿನ ಬೀದಿಯನ್ನು. ಕುರಿ ಕಾಯುವ ನಮ್ಮವರು ಜಾಗ ಹೇಳುವುದೇ ಹಾಗೆ. ಕುರಿ ನೀರಿಗೆ ಬರುವ ಬಂಡೆ ಅನ್ನುತ್ತಾರೆ, ಹೊತ್ತಾರೆ ನೆರಳು ಬೀಳುವ ಹುಣಸೆಮರ ಅನ್ನುತ್ತಾರೆ. ಹೊತ್ತು ತಪ್ಪಿ ಹೋದವನಿಗೆ ಆ ಬಂಡೆಯೂ ಸಿಗುವುದಿಲ್ಲ, ಆ ಮರವೂ ಸಿಗುವುದಿಲ್ಲ. ಅಣ್ಣಯ್ಯ ಯಾವಾಗಲೂ ಹಿಂದಿನ ದಿನವೇ ಬಂದು ಛತ್ರದಲ್ಲಿ ಉಳಿದು ಬೆಳಗ್ಗೆ ಬೀದಿಗೆ ಇಳಿಯುತ್ತಿದ್ದ. ಅದನ್ನು ಬಿಡಿಸಿ ಹೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ನಾನೂ ಛತ್ರದಲ್ಲಿ ಉಳಿದೆ. ಚಳಿ ಇತ್ತು. ಪಕ್ಕದಲ್ಲೇ ಹೊಸ ಕಂಬಳಿ ಇದ್ದರೂ ಹೊದೆಯುವ ಹಾಗಿರಲಿಲ್ಲ, ತಲೆಗೆ ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಗಂಟನ್ನು ಎದೆಗೆ ಅವುಚಿಕೊಂಡು ಮಲಗಿದೆ. ಗಂಜಿಯ ವಾಸನೆ ಬರುತ್ತಿತ್ತು.

ಬೆಳಗ್ಗೆ ಅದೇ ದೊಡ್ಡ ರಸ್ತೆಗೆ ಬಂದರೆ, ನಿನ್ನೆ ಗಿಣಿ ಇದ್ದ ಕಟ್ಟೆಯ ಕೆಳಗೆ ಸಾಣೆಯವನು ಕೂತಿದ್ದ. ನಡುವಯಸ್ಸಿನವನು, ಬಾಯಲ್ಲಿ ಬೀಡಿ. ಕಾಲಲ್ಲಿ ಚಕ್ರ ತುಳಿಯುತ್ತ ಒಂದು ಮಚ್ಚನ್ನು ಹಿಡಿದಿದ್ದ. ಕಿಡಿ ಹಾರಿ ಮಣ್ಣಿಗೆ ಬೀಳುತ್ತಿತ್ತು. ಮಚ್ಚಿನ ಯಜಮಾನ, ಎಳನೀರಿನವನು, ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಸಾಣೆಯವನು ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ, ಗಂಟನ್ನು ಒಮ್ಮೆ ನೋಡಿದ.

"ಏನಯ್ಯಾ, ಆ ಕಂಬಳಿಯೋನ ಕಡೆಯೋನಾ ನೀನು? ಅದೇ ಮೂಗು."

"ತಮ್ಮ" ಅಂದೆ.

"ಅವನೆಲ್ಲಿ?"

"ಊರಲ್ಲವ್ನೆ."

"ಇಲ್ಲಿಗೆ ಬಂದಾಗೆಲ್ಲ ಉಣ್ಣೆ ಕತ್ತರಿ ತರ್ತಿದ್ದ ಸಾಣೆಗೆ. ನಿನ್ ಕೈಲಿ ಕೊಟ್ಟು ಕಳಿಸ್ಲಿಲ್ವಾ?" ಅಷ್ಟರಲ್ಲಿ ನನ್ನ ತಲೆಯ ಟವೆಲ್ಲು ಜಾರಿತು. "ಓಹೋ, ತಿರುಪತಿಗೆ ಹೋಗಿ ಬಂದಿದ್ದೀಯ! ಲಾಡು ಎಲ್ಲಯ್ಯಾ?"

ನಾನು ಟವೆಲ್ಲು ಸರಿಮಾಡಿಕೊಂಡೆ.

"ಲಾಡು ಇಲ್ದೆ ತಿರುಪತಿಯಿಂದ ಬಂದೋನನ್ನ ನಾನ್ ನೋಡಿಲ್ಲ ಕಣಯ್ಯಾ. ಬಸ್ಸಲ್ಲೇ ಮುಗಿಸಿಬಿಟ್ಯಾ?"

ಎಳನೀರಿನವನು ಜೋರಾಗಿ ನಕ್ಕ. ನಾನೂ ನಕ್ಕ ಹಾಗೆ ಮಾಡಿ ಸಾಣೆಯವನ ಎಡಕ್ಕೆ ತಿರುಗಿದೆ.

ನಿನ್ನೆ ಕಾಗೆ ಕೂತಿದ್ದ ನಲ್ಲಿಯಲ್ಲಿ ನೀರು ಬರುತ್ತಿತ್ತು. ಹಿತ್ತಾಳೆ ಕೊಡ, ಪ್ಲಾಸ್ಟಿಕ್ ಕೊಡ, ತಗಡಿನ ಡಬ್ಬ, ಎಲ್ಲ ಗಲ್ಲಿಯ ಉದ್ದಕ್ಕೂ ಹರಡಿದ್ದವು. ಅಣ್ಣಯ್ಯ ಹೇಳಿದ್ದ ಜಗಳವೂ ನಡೆದಿತ್ತು.

"ನನ್ ಕೊಡ ಮುಂದಿತ್ತು!"

"ಮುಂದಿದ್ದದ್ದು ಹಿಂದಕ್ಕೆ ಹೋಗಕ್ಕೆ ಕೊಡಕ್ಕೇನು ಕಾಲು ಬಂದಿತ್ತಾ?"

"ಕೊಡಕ್ಕೆ ಬರ್ಲಿಲ್ಲ, ನಿನ್ ಕೈಗೆ ಬಂದಿತ್ತು!"

ನಾನು ಗೋಡೆಗೆ ಒತ್ತಿಕೊಂಡು ದಾಟುತ್ತಿದ್ದೆ. ಒಬ್ಬಳು ಗಂಟು ನೋಡಿ ಕರೆದಳು. "ಏನಪ್ಪಾ, ಈ ಸತಿ ಆ ಕಂಬಳಿ ಅಣ್ಣ ಬರ್ಲಿಲ್ವಾ? ಒಳ್ಳೆಯೋನು. ನಿಂತು ಕೊಡ ಎತ್ತಿ ಕೊಡೋನು."

"ಅದಕ್ಕೇ ಕೇಳ್ತಾಳೆ ನೋಡು!" ಅಂದಳು ಇನ್ನೊಬ್ಬಳು. ಜಗಳ ನಿಂತು ಎಲ್ಲರೂ ನಗಲು ಶುರು ಮಾಡಿದರು.

"ಊರಲ್ಲವ್ನೆ" ಅಂದೆ. ಒಂದು ಕೊಡ ಎತ್ತಿ ಅವಳ ಸೊಂಟಕ್ಕೆ ಕೊಟ್ಟು ಮುಂದೆ ಹೋದೆ.

ಹತ್ತಿ ಎಕ್ಕುವ ಬಿಲ್ಲಿನ ಸದ್ದು ಅಲ್ಲಿಂದಲೇ ಕೇಳುತ್ತಿತ್ತು. ಒಂದು ಜಗಲಿಯ ಮೇಲೆ ಮುದುಕನೊಬ್ಬ ಹಾಸಿಗೆಯ ಹಳೇ ಹತ್ತಿಯನ್ನು ಎಕ್ಕುತ್ತಿದ್ದ. ಹತ್ತಿ ಹಾರಿ ಅವನ ಗಡ್ಡ, ಹುಬ್ಬು, ಎದುರು ಮನೆಯ ಕಿಟಕಿಯ ಕಂಬಿ, ಎಲ್ಲದರ ಮೇಲೂ ಕೂತಿತ್ತು. ಅವನು ನನ್ನನ್ನು ಏನೂ ಕೇಳಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಅವನ ಮುಂದಿನ ತಿರುವಿನಲ್ಲಿ ಹಾಲಿನವನು ಸಿಕ್ಕಿದ. ಒಂದು ಕೈಯಲ್ಲಿ ಹಸುವಿನ ಹಗ್ಗ, ಇನ್ನೊಂದರಲ್ಲಿ ತಂಬಿಗೆ, ಹೆಗಲ ಮೇಲೆ ಹುಲ್ಲುಕರು. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಹೊಲಿದದ್ದು. ಒಂದು ಬಾಗಿಲ ಮುಂದೆ ಅದನ್ನು ಇಳಿಸಿ ಹಸುವಿನ ಮೂತಿಯ ಹತ್ತಿರ ನಿಲ್ಲಿಸಿದ. ಹಸು ಅದರ ಬೆನ್ನನ್ನು ನೆಕ್ಕಿತು. ನೆಕ್ಕಿ ನೆಕ್ಕಿ ಅಲ್ಲಿನ ಕೂದಲೆಲ್ಲ ಹೋಗಿ ತೊಗಲು ಹೊಳೆಯುತ್ತಿತ್ತು. ಹಾಲು ತಂಬಿಗೆಗೆ ಬೀಳುವ ಸದ್ದು ಕೇಳಿತು. ನಮ್ಮಲ್ಲೂ ಮರಿ ಸತ್ತ ಕುರಿ ಬೇರೆ ಮರಿಗೆ ಹಾಲು ಕೊಡಲಿ ಅಂತ, ಸತ್ತ ಮರಿಯ ತೊಗಲನ್ನು ಅದಕ್ಕೆ ಹೊದಿಸುವುದುಂಟು. ಸಣ್ಣವನಿದ್ದಾಗಿನಿಂದ ಕಂಡದ್ದೇ. ಆದರೂ ಅವತ್ತು ನಾನು ಬೇರೆ ಕಡೆ ನೋಡುತ್ತ ನಿಂತೆ.

ಮನೆಯಿಂದ ಮನೆಗೆ ಅವನ ಹಿಂದೆ ಹೋದೆ. ಕೊನೆಗೆ ಅವನು ನಿಂತ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಮುಂದೆ ಚಪ್ಪರದ ಗಳ ನೆಡುತ್ತಿದ್ದರು. ಜಗಲಿಯ ಮೇಲೆ ಹಾಲಿನ ಪಾತ್ರೆ ಹಿಡಿದು ಅಜ್ಜಿ ಕೂತಿದ್ದಳು. ನಾನು ಹೇಳುವ ಮೊದಲೇ ಗಂಟು ನೋಡಿ, "ಬಂತಾ? ಬಾರಪ್ಪ" ಅಂದಳು.

ಕಂಬಳಿಯನ್ನು ಜಗಲಿಯ ಮೇಲೆ ಬಿಚ್ಚಿಸಿದಳು. ಒಂದು ಅಂಚಿನಿಂದ ಅಂಗೈಯಲ್ಲಿ ಸವರುತ್ತಾ ಬಂದಳು. ಮುಕ್ಕಾಲು ಪಾಲು ದಾಟಿದ ಮೇಲೆ ಅವಳ ಕೈ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಅಲ್ಲಿಗೇ ಬಂತು.

"ಇಲ್ಲಿಂದ ಕೈ ಬ್ಯಾರೆ."

"ನಂದು, ಅಜ್ಜಿ."

"ಅವನ್ಯಾಕೆ ಮುಗಿಸ್ಲಿಲ್ಲ?"

ಅವ್ವ ಹೇಳಿಕೊಟ್ಟ ಮಾತು ಈ ಪ್ರಶ್ನೆಗೆ ಉತ್ತರವಾಗುತ್ತಿರಲಿಲ್ಲ. ಅಜ್ಜಿ ನನ್ನ ಮುಖ ನೋಡಿದಳು. ಆಮೇಲೆ ತಲೆಯ ಟವೆಲ್ಲು ನೋಡಿದಳು.

"ಯಾವಾಗಪ್ಪ?" ಅಂದಳು, ಮೆಲ್ಲಗೆ.

ಹೇಳಿದೆ. ಕಾಮಾಲೆ ಅಂದೆ. ಕಂಬಳಿ ಮಗ್ಗದ ಮೇಲಿತ್ತು ಅಂದೆ. ತಿಥಿ ಆದ ಮೇಲೇ ಮುಟ್ಟಿದ್ದು ಅಂತಲೂ ಹೇಳಿದೆ. ಬಾಗಿಲಿನಲ್ಲಿ ನಿಂತಿದ್ದ ಸೊಸೆಗೆ ಎಲ್ಲ ಕೇಳಿಸಿತ್ತು. "ಅತ್ತೆ, ಮದುವೆ ಮನೆ..." ಅಂತ ಅರ್ಧಕ್ಕೆ ನಿಲ್ಲಿಸಿದಳು. ನಾನು ಕಂಬಳಿ ಮಡಿಸಲು ಬಗ್ಗಿದೆ.

ಅಜ್ಜಿ ನನ್ನ ಕೈ ತಡೆದಳು. "ಕಂಬಳಿಗೆ ಎಲ್ಲಿಯ ಮೈಲಿಗೆ ಕಣಮ್ಮ? ಸೀರೆ ಪಂಚೆಗೆ ಮೈಲಿಗೆ ಆಯ್ತದೆ, ಉಣ್ಣೆಗೆ ಆಯ್ತದಾ? ಮೈಲಿಗೆ ಆದ ಮನೇಲಿ ಕೂರಕ್ಕೂ ಕಂಬಳೀನೇ ಅಲ್ವಾ ಹಾಸದು? ಎಲೆ ಅಡಿಕೆ ಕೊಟ್ಟೋಳು ನಾನು, ಇಸ್ಕಂಡೋನು ಅವನು. ಇದು ಹಸೆಗೇ."

ಅದು ನಮ್ಮ ಮನೆಯಲ್ಲೂ ಗೊತ್ತಿದ್ದ ಮಾತು. ಕಂಬಳಿ ನೇಯುವವರಿಗಿಂತ ಅದು ಇನ್ಯಾರಿಗೆ ಗೊತ್ತಿರಬೇಕು? ಅಣ್ಣಯ್ಯ ಎಷ್ಟೋ ಸಲ ಹೇಳಿದ್ದ, ಅವ್ವನೂ ಹೇಳುತ್ತಿದ್ದಳು. ಅವನು ಹೋದ ಮೇಲೆ ನಮ್ಮಿಬ್ಬರಿಗೂ ನೆನಪಾಗಲಿಲ್ಲ.

ಅಜ್ಜಿ ಕಂಬಳಿಯನ್ನು ತಾನೇ ಮಡಿಸಿಕೊಂಡು ಒಳಗೆ ಹೋದಳು. ಸೊಸೆ ಎಲೆಯಲ್ಲಿ ಉಪ್ಪಿಟ್ಟು ತಂದುಕೊಟ್ಟು, "ನಿಮ್ಮ ತಾಯಿ ಹೆಂಗಿದಾರೆ?" ಅಂದಳು. ಇದಾರೆ ಅಂದೆ. ಜಗಲಿಯ ಮೇಲೆ ಕೂತು ತಿಂದೆ. ಗಳ ನೆಡುವವರು ಒಂದು ಗಳ ಸೊಟ್ಟವೆಂದು ಮತ್ತೆ ಕಿತ್ತು ನೆಟ್ಟರು.

ಬಂದ ದಾರಿಯಲ್ಲೇ ಹಿಂದಿರುಗಿದೆ. ಇನ್ನು ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ಕೇಳಿದವರಿಗೆಲ್ಲ ಹೇಳಿಯೇ ಹೋಗಬೇಕು ಅಂದುಕೊಂಡೆ. ಆದರೆ ಬಿಸಿಲೇರಿತ್ತು. ಹಾಲಿನವನು ಕಾಣಲಿಲ್ಲ. ಹತ್ತಿಯ ಜಗಲಿಯ ಮೇಲೆ ಎಳೆ ಎಳೆ ಹತ್ತಿ ಮಾತ್ರ ಇತ್ತು. ನಲ್ಲಿ ನಿಂತುಹೋಗಿತ್ತು. ದೊಡ್ಡ ರಸ್ತೆಗೆ ಬಂದಾಗ ಸಾಣೆಯವನು ಹೊರಡುವುದಕ್ಕೆ ಚಕ್ರವನ್ನು ಹಗ್ಗದಲ್ಲಿ ಬಿಗಿಯುತ್ತಿದ್ದ.

"ಏನಯ್ಯಾ ತಿರುಪತಿ, ಮಾರಿದ್ಯಾ?"

"ತಿರುಪತಿ ಅಲ್ಲ" ಅಂದೆ. "ಅಣ್ಣಯ್ಯ ಹೋಗ್ಬುಟ್ಟ."

ಊರಿನ ಹೊರಗೆ, ಯಾರೂ ಕೇಳದೆ ನಾನಾಗಿಯೇ ಅದನ್ನು ಹೇಳಿದ್ದು ಅದೇ ಮೊದಲು. ಅವನು ಹಗ್ಗ ಬಿಟ್ಟು ನೆಟ್ಟಗೆ ನಿಂತ. ಬೀಡಿಯನ್ನು ಬಾಯಿಂದ ತೆಗೆದ.

"ನಾನ್ ನಿನ್ನ ಲಾಡು ಕೇಳ್ದೆನಲ್ಲಯ್ಯಾ" ಅಂದ.

"ಗೊತ್ತಿರ್ಲಿಲ್ವಲ್ಲ, ಬುಡಿ."

ಅವನು ಕಟ್ಟೆಯ ಮಣ್ಣನ್ನು ಟವೆಲ್ಲಿನಿಂದ ಒರೆಸಿ ನನ್ನನ್ನು ಕೂರಿಸಿದ. ಎದುರಿನ ಹೋಟೆಲಿಗೆ ಕೈ ಎತ್ತಿ ಟೀ ಹೇಳಿದ. ಟೀ ಬರುವವರೆಗೂ ಇಬ್ಬರೂ ರಸ್ತೆ ನೋಡುತ್ತ ಕೂತೆವು. ಎಳನೀರಿನ ಗಾಡಿ ಹೋಯಿತು, ಸೌದೆಯ ಗಾಡಿ ಹೋಯಿತು. ಒಂದು ಜಟಕಾ ಹೋಯಿತು. ಕುದುರೆಯ ಹಣೆಗೆ ಯಾರೋ ಕನಕಾಂಬರ ಮುಡಿಸಿದ್ದರು. ಅವನು ಲೋಟ ಖಾಲಿ ಮಾಡಿ ಕೇಳಿದ:

"ಕತ್ತರಿ ಮನೇಲೈತಾ?"

"ಅದೆ."

"ಮುಂದಿನ ಸತಿ ತಗಂಡ್ ಬಾ. ಬೆಳಗ್ಗೆ ಬಾ, ಮಧ್ಯಾಹ್ನದ ಮೇಲೆ ನಾನ್ ಇಲ್ಲಿರಲ್ಲ."

"ಗೊತ್ತು" ಅಂದೆ.